ಪ್ಲೇಟಿನ ಮೇಲೆ ‘ನಾನೇ’

ಕೆಲವರ ಹಣೆಯಲ್ಲಿ ರಾಜಯೋಗ ಬರೆದಿರುತ್ತದೆ, ಕೆಲವರ ಹಣೆಯಲ್ಲಿ ಪ್ರವಾಸಯೋಗ. ನನ್ನ ಪಾಲಿಗೆ ಬಂದದ್ದು ಫಜೀತಿಯೋಗ. ಅದನ್ನು ಹುಡುಕಿಕೊಂಡು ಹೋಗುವ ತಾಪತ್ರಯವೇ ನನಗಿಲ್ಲ. ನಾನು ಭಾಂಡುಪಿನ ಚಾಳು ಬಿಟ್ಟು ಹೊರಬೀಳುವ ಮೊದಲೇ ಅದು ಸ್ಟೇಷನ್ನಿನಲ್ಲಿ ಟಿಕೀಟು ತೆಗೆಸಿಕೊಂಡು ನಿಂತಿರುತ್ತದೆ. ಐವತ್ತರ ದಶಕದಲ್ಲಿ ಮುಂಬಯಿಯ ಒಂದು ಗ್ರಾಮೊಫೋನ್ ಕಂಪನಿಯಲ್ಲಿ ಕನ್ನಡ ಹಾಡು ಬರೆಯುವುದು, ಹಾಡಿಸುವುದು, ರೆಕಾರ್ಡು ಮಾಡಿಸುವುದು, ಈ ಮೂರೂ ನನ್ನ ಕೆಲಸ. ಹಾಗಾಗಿ ಫಜೀತಿಯೂ ಮೂರು ಪಟ್ಟು.

೧. ಹಾಡಲು ಬಾರದವರು ಬೇಕಾಗಿದ್ದಾರೆ

ಸಂದರ್ಶನಕ್ಕೆ ಕೂತವರು ಕಂಪನಿಯ ದೊಡ್ಡ ಸಾಹೇಬರು, ಪಾರ್ಸಿ. ಧಾರವಾಡದಿಂದ ಬಂದವನು ಅಂತ ತಿಳಿದ ಕೂಡಲೇ ಅವರ ಕಣ್ಣು ಅರಳಿತು. ಧಾರವಾಡದ ಮಣ್ಣಿನಲ್ಲೇ ಸಂಗೀತ ಇದೆ ಅಂತ ಯಾರೋ ಅವರಿಗೆ ಹೇಳಿದ್ದರಂತೆ.

“ಗಾವ್,” ಅಂದರು, ಹಾಡು ಅಂತ.

ನಾನು ಕಣ್ಣು ಮುಚ್ಚಿಕೊಂಡು ಒಂದು ದೇವರ ಪದ ಹಾಡಿದೆ. ಕಣ್ಣು ಬಿಟ್ಟಾಗ ಸಾಹೇಬರು ಎದ್ದು ಕಿಟಕಿ ಮುಚ್ಚುತ್ತಿದ್ದರು. ಕೆಳಗೆ ರಸ್ತೆಯ ಜನ ಏನು ತಿಳಿದಾರು ಅಂತ ಇರಬೇಕು.

“ಪಾಸ್. ನಾಳೆಯಿಂದ ಬಾ,” ಅಂದರು.

ನನಗೋ ಹಿಗ್ಗು. “ದನಿ ಹಿಡಿಸಿತೇನ್ರಿ ಸಾಹೇಬ್ರ?” ಅಂತ ಕೇಳಿದೆ.

“ಬಿಲ್ಕುಲ್ ನಹೀಂ. ನಿನಗಿಂತ ಮುಂಚೆ ಇದ್ದ ಮೂವರೂ ಬಹಳ ಚಂದ ಹಾಡುತ್ತಿದ್ದರು. ಅದಕ್ಕೇ ಎಲ್ಲಾ ರೆಕಾರ್ಡಿನಲ್ಲೂ ತಾವೇ ಹಾಡಿಕೊಂಡರು. ನಿನ್ನಿಂದ ಆ ಭಯ ಇಲ್ಲ. ಒಂದೇ ಷರತ್ತು. ಈ ಕಂಪನಿಯ ಯಾವ ರೆಕಾರ್ಡಿನಲ್ಲೂ ನಿನ್ನ ದನಿ ಬರಕೂಡದು!”

ಹೀಗೆ, ಹಾಡಲು ಬಾರದ ಗುಣಕ್ಕೆ ಸಂಗೀತದ ನೌಕರಿ ಸಿಕ್ಕ ಮನುಷ್ಯ ಇಡೀ ಮುಂಬಯಿಯಲ್ಲಿ ನಾನೊಬ್ಬನೇ.

೨. ಪ್ಲೇಟು

ನಮ್ಮ ಕಡೆ ಆಗ ರೆಕಾರ್ಡಿಗೆ ‘ಪ್ಲೇಟು’ ಅನ್ನುತ್ತಿದ್ದರು. ನಾನೂ ಹುರುಪಿನಲ್ಲಿ ಅಪ್ಪನಿಗೆ ಬರೆದೆ: “ಮುಂಬಯಿಯಲ್ಲಿ ಪ್ಲೇಟಿನ ಕೆಲಸ ಸಿಕ್ಕಿತು.” ಮುಂಬಯಿಗೆ ಹೋದ ಕನ್ನಡದವನು ಹೋಟೆಲಿಗೆ ಸೇರುತ್ತಾನೆ ಅನ್ನುವುದು ಆಗ ಲೋಕಕ್ಕೆಲ್ಲ ಗೊತ್ತಿದ್ದ ಮಾತು. ಹಾಗಾಗಿ ಪ್ಲೇಟಿನ ಕೆಲಸ ಅಂದರೆ ಏನು ಅಂತ ಓಣಿಯಲ್ಲಿ ಯಾರೂ ಕೇಳಲೇ ಇಲ್ಲ. ಹೋಟೆಲಿನಲ್ಲಿ ತಟ್ಟೆ-ಬಶಿ ತೊಳೆಯುವುದು ಅಂತ ತಾವೇ ತಿಳಿದುಕೊಂಡರು.

ಅಪ್ಪ ಸಾಲಿಯೊಳಗೆ ಕನ್ನಡ ಮಾಸ್ತರರು. ಹ್ರಸ್ವಕ್ಕೆ ಒಂದು ಏಟು, ದೀರ್ಘಕ್ಕೆ ಎರಡು ಏಟು, ಇದು ಅವರ ಲೆಕ್ಕ. ನಾನು ಬರೆದ ಪತ್ರಕ್ಕೆ ಉತ್ತರ ಬರುತ್ತಿರಲಿಲ್ಲ, ಅದೇ ಪತ್ರ ಕೆಂಪು ಶಾಯಿಯಲ್ಲಿ ತಿದ್ದಿಸಿಕೊಂಡು ವಾಪಸು ಬರುತ್ತಿತ್ತು. ಈ ಸಲ ತಿದ್ದುಪಡಿಯ ಕೆಳಗೆ ನಾಲ್ಕು ಸಾಲೂ ಇದ್ದವು.

“ನಿನಗ ನೋಡಿದ್ದ ಹುಡುಗಿಯ ಅಪ್ಪ ಬಂದಿದ್ದರು. ‘ಮಾಸ್ತರ ಮಗಾ ಬಶಿ ತೊಳೀತಾನಂತಲ್ರಿ’ ಅಂದ್ರು. ಸಂಬಂಧ ಮುರೀತು. ಓಣ್ಯಾಗ ನನ್ನ ಮಾರಿ ನೋಡಿ ಮಂದಿ ‘ಪಾಪ’ ಅಂತಾರ. ಖರೇನ ಹಾಡಿನ ಪ್ಲೇಟ ಆದರ, ಒಂದು ಪ್ಲೇಟಿನ ಮ್ಯಾಲರೆ ನಿನ್ನ ಹೆಸರು ತೋರಸು, ನಾ ತಲಿ ಎತ್ತಿ ಅಡ್ಡಾಡ್ತೀನಿ. ಅಲ್ಲೀತನಕಾ ನನ್ನ ಪಾಲಿಗೆ ನೀ ಬಶಿ ತೊಳಿಯಾವನ.”

ಓದಿ ನಿಜವಾಗಿ ಸಂಕಟವಾಯಿತು. ಅವತ್ತೇ ಪಣ ತೊಟ್ಟೆ, ಅಪ್ಪನ ಕೈಗೆ ನನ್ನ ಹೆಸರಿನ ಪ್ಲೇಟು ಕೊಟ್ಟೇ ಕೊಡಬೇಕು ಅಂತ. ನನ್ನ ದುಃಖ ನೋಡಲಾರದೆ ಚಾಳಿನಲ್ಲಿ ಪಕ್ಕದ ಖೋಲಿಯ ಬೆಳಗಾವಿಯಾಕೆ, ಚಾಳಿಗೆಲ್ಲ ಅತ್ತಿಗೆಯಂತಿದ್ದ ವೈನಿ, ಸಮಾಧಾನ ಮಾಡಿದರು: “ಮನಸಿಗೆ ಹಚಗೋಬ್ಯಾಡ್ರಿ. ಬಶಿ ತೊಳಿಯೋದೂ ಒಂದು ಉದ್ಯೋಗನ. ನಮ್ಮನ್ಯಾವರಿಗೆ ಅದೂ ಬರೂದಿಲ್ಲ.”

೩. ಕೆಂಪು ದೀಪ

ಮೊದಲ ರೆಕಾರ್ಡಿಗೆ ಊರ ಕಡೆಯಿಂದ ಒಬ್ಬ ಹಿರಿಯ ಗವಾಯಿಗಳನ್ನು ಕರೆಸಿದೆ. ಭಾಂಡುಪಿನಿಂದ ಲೋಕಲ್ಲಿನಲ್ಲಿ ಹೋಗುವಾಗ ಅವರಿಗೆ ಸಿಗ್ನಲ್ಲಿನದೇ ಬೆರಗು. ನಾನೂ ಮುಂಬಯಿಯನ್ನು ಅರೆದು ಕುಡಿದವನ ಗತ್ತಿನಲ್ಲಿ ವಿವರಿಸಿದೆ: “ಕೆಂಪು ಹತ್ತಿತೋ, ಎಲ್ಲಾ ಬಂದ್! ಎಂಥಾ ದೊಡ್ಡವರಾದರೂ ಮಿಸುಕಾಡಬಾರದು. ಇದು ಮುಂಬಯಿ ಕಾಯ್ದೆ.”

ಸ್ಟುಡಿಯೋದಲ್ಲಿ ಗವಾಯಿಗಳು ಆಲಾಪಕ್ಕೆ ಬಾಯಿ ತೆರೆದರು. ರೆಕಾರ್ಡಿಂಗ್ ಶುರು ಅನ್ನುವುದಕ್ಕೆ ಗೋಡೆಯ ಮೇಲೆ ಕೆಂಪು ದೀಪ ಹತ್ತಿತು. ಅವರು ಎತ್ತಿದ ಕೈ ಎತ್ತಿದ ಹಾಗೇ ಕಲ್ಲಾಗಿ ಕೂತರು. ದೀಪ ಆರಿಸಿದರೆ ಅಮೃತದಂಥ ಗಾಯನ, ಹತ್ತಿಸಿದರೆ ಮೌನ. ಮೂರು ಸಲ ಹೀಗೇ ಆಯಿತು. ಗಾಜಿನ ಆಚೆ ಕೂತ ಸಾಹೇಬರು ತಲೆ ಚಚ್ಚಿಕೊಂಡರು.

“ಯಾಕ್ರೀ ನಿಂತ್ರಿ?” ಅಂದೆ.

“ಕೆಂಪು ಹತ್ತಿದ್ರ ಬಂದ್ ಅಂತ ನೀವ ಹೇಳೀರಿ. ಈ ವಯಸ್ಸಿನಾಗ ನಾ ಕಾಯ್ದೆ ಮುರಿಯೂದಿಲ್ಲ.”

“ಅದು ರೈಲಿಗೆ! ಇಲ್ಲಿ ಕೆಂಪು ಹತ್ತಿದ್ರ ಹಾಡಬೇಕ್ರಿ,” ಅಂತ ಕಾಲು ಹಿಡಿದು ಹಾಡಿಸಿದೆ. ರೆಕಾರ್ಡು ಮುಗಿಯಿತು. ವಾಪಸು ಬರುವಾಗ ಕುರ್ಲಾ ದಾಟಿದ ಮೇಲೆ ಕೆಂಪು ಸಿಗ್ನಲ್ ಬಿದ್ದು ಲೋಕಲ್ ನಿಂತಿತು. ಗವಾಯಿಗಳು ಹೊರಗೆ ನೋಡಿದರು, ನನ್ನ ಮುಖ ನೋಡಿದರು, ಗಂಟಲು ಸರಿಮಾಡಿಕೊಂಡರು. ಹಸಿರು ಬೀಳುವ ತನಕ ಡಬ್ಬಿಯ ಮಂದಿಯೆಲ್ಲ ಪುಕ್ಕಟೆ ಭೈರವಿ ಕೇಳಿದರು.

೪. ಯಾರಿವ ‘ನಾನೇ’?

ಆ ರೆಕಾರ್ಡಿನ ಹಾಡು ಬರೆದವನು ನಾನೇ. ಲೇಬಲ್ಲಿಗೆ ಹೆಸರು ಬರೆದುಕೊಳ್ಳುವವರು ಗಿರಗಾಂವಿನ ಒಬ್ಬ ಮರಾಠಿ ಹೆಂಗಸು, ಟೈಪಿಸ್ಟ್ ಬಾಯಿ.

“ಕವೀ ಕೋಣ್?” ಅಂದರು, ಕವಿ ಯಾರು ಅಂತ.

ಜನ್ಮದಲ್ಲಿ ಮೊದಲ ಸಲ ಯಾರೋ ನನ್ನನ್ನು ಆ ಮಾತು ಕೇಳಿದ್ದು. ಮರಾಠಿ ಮರೆತುಹೋಯಿತು, ಹಿಂದಿ ಹಾರಿಹೋಯಿತು. ಎದೆ ತಟ್ಟಿಕೊಂಡು ಅಚ್ಚ ಕನ್ನಡದಲ್ಲಿ ಅಂದುಬಿಟ್ಟೆ: “ನಾನೇ!”

ಟೈಪಿಸ್ಟ್ ಬಾಯಿ ಟಪಟಪ ಅಂತ ಟೈಪು ಮಾಡಿದರು. ಮರಾಠಿ ಅಡ್ಡಹೆಸರಿನಲ್ಲಿ ರಾಣೆ ಇದ್ದಾರೆ, ನೇನೆ ಇದ್ದಾರೆ, ಇವರು ಯಾರೋ ನಾನೆ ಅಂತ ತಿಳಿದರು. ಪ್ಲೇಟು ಬಂತು. ಲೇಬಲ್ಲಿನ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಚಂದಾಗಿ ಅಚ್ಚಾಗಿತ್ತು, ಕವಿ: ನಾನೆ. ತಿದ್ದಿಸಲು ಓಡಿದೆ. “ಕಂಪನಿ ರಜಿಸ್ಟರಿನಲ್ಲಿ ಏರಿದ ಹೆಸರು ಇಳಿಯೋದಿಲ್ಲ. ಇನ್ನು ಮುಂದೆ ಕನ್ನಡ ಹಾಡಿಗೆಲ್ಲ ನಾನೆಯೇ ಕವಿ,” ಅಂದರು ಸಾಹೇಬರು.

ಆದರೂ ಆಸೆಯಿಂದ ಅಪ್ಪನಿಗೆ ಕಳಿಸಿದೆ. ಕಾರ್ಡು ಬಂತು: “ಯಾರಿವ ನಾನೇ? ಕೊಂಕಣದಾವನೇನು?”

“ಅಪ್ಪಾ, ನಾನೇ ಅಂದರೆ ನಾನೇ,” ಅಂತ ಬರೆದೆ.

“ಎಲ್ಲಾರೂ ತಮಗ ‘ನಾನೇ’ ಅಂತಾರ. ಅದು ಸರ್ವನಾಮ, ಹೆಸರಲ್ಲ. ಮೂರನೇ ಇಯತ್ತೆಯೊಳಗ ಕಲಿಸೇನಿ,” ಅಂತ ಕೆಂಪು ಶಾಯಿಯಲ್ಲಿ ಉತ್ತರ ಬಂತು.

೫. ರಾಕ್ ಎಂಡ್ ರೋಲ್

ಒಂದು ದಿನ ಸಾಹೇಬರು ಕರೆದು, “ಇಂಗ್ಲಿಷ್ ಪಿಕ್ಚರು ನೋಡಿ ಕೊಲಾಬಾದ ಹುಡುಗರೆಲ್ಲ ಖುರ್ಚಿಯ ಮೇಲೆ ಹತ್ತಿ ಕುಣಿಯುತ್ತಿದ್ದಾರೆ. ರಾಕ್ ಎಂಡ್ ರೋಲ್! ಕನ್ನಡದಲ್ಲೂ ಒಂದು ಬೇಕು,” ಅಂದರು. ಹಾಗಂದರೇನು ಅಂತ ಕೇಳಿದೆ. ಅರವತ್ತರ ಆ ಸಾಹೇಬರು ಎದ್ದು ನಿಂತು ಸೊಂಟ ಅಲ್ಲಾಡಿಸಿ ತೋರಿಸಿದರು. ಮುಂದೆ ಎರಡು ದಿನ ಅವರು ಆಫೀಸಿಗೆ ಬರಲಿಲ್ಲ.

ನಾನು ಖೋಲಿಯಲ್ಲಿ ಬಾಗಿಲು ಹಾಕಿಕೊಂಡು, ತಾಳ ಹಿಡಿಯಲು ಕಾಲು ಕುಣಿಸುತ್ತ ಹಾಡು ಕಟ್ಟಿದೆ. ಅರ್ಧಕ್ಕೆ ವೈನಿ ಉಳ್ಳಾಗಡ್ಡಿ ಜಜ್ಜಿಕೊಂಡು ಓಡಿಬಂದರು: “ಚೇಳು ಎಲ್ಲಿ ಕಡೀತ್ರಿ?”

ಕಡೆಗೂ ಪಲ್ಲವಿ ಹುಟ್ಟಿತು: “ಕೆರೆ ನೋಡು ಬಾ, ಬಳಿ ಕೂಡು ಬಾ.” ಬ್ಯಾಂಡಿನವರು ಗೋವೆಯವರು, ಹಾಡುವವನು ಮರಾಠಿ ತರುಣ. ಕನ್ನಡ ಬಾರದು, ಅದಕ್ಕೆ ನಾನು ಹಾಡನ್ನು ಮರಾಠಿ ಲಿಪಿಯಲ್ಲಿ ಬರೆದುಕೊಟ್ಟೆ. ಎಡವಿದ್ದು ಅಲ್ಲೇ. ಆ ಲಿಪಿಯಲ್ಲಿ ‘ಕೆ’ಗೂ ‘ಕೇ’ಗೂ ಒಂದೇ ಅಕ್ಷರ. ತರುಣ ಕಣ್ಣು ಮುಚ್ಚಿ, ಎದೆ ತುಂಬಿ ಹಾಡಿದ: “ಕೇರೆ ನೋಡು ಬಾ, ಬಳಿ ಕೂಡು ಬಾ!”

ಕೇರೆ ಅಂದರೆ ಹಾವು! ಪ್ರೀತಿಯ ಹುಡುಗಿಯನ್ನು ಕರೆದು ಕೇರೆ ಹಾವಿನ ಪಕ್ಕ ಕೂಡಿಸಿದ ಪುಣ್ಯಾತ್ಮ.

“ಕೇರೆ ಅಲ್ಲಪ್ಪಾ, ಕೆರೆ,” ಅಂದೆ.

“ಫರಕ್ ಕ್ಯಾ ಹೈ?”

“ಒಂದರಲ್ಲಿ ಈಜಬಹುದು. ಇನ್ನೊಂದು ಕಂಡರೆ ಓಡಬೇಕು.”

ಪಾಪ, ಒಳ್ಳೆಯ ಹುಡುಗ. ಎಂಟು ಸಲ ಹಾಡಿದ, ಎಂಟು ಸಲವೂ ಹಾವು ಬಂತು. “ಇನ್ನೊಂದೇ ಸಲ. ಆಗದಿದ್ದರೆ ಕನ್ನಡ ಪ್ಲೇಟು ಮಾಡೋದೇ ಬಂದ್,” ಅಂದರು ಸಾಹೇಬರು. ಅಂದರೆ ನನ್ನ ನೌಕರಿ ಬಂದ್, ಅಪ್ಪನ ಮುಂದೆ ನಾನು ಶಾಶ್ವತ ಬಶಿ ತೊಳೆಯುವವ. ನಾನು ಗಾಜಿನ ಆಚೆ ಹೋಗದೆ ಅವನ ಪಕ್ಕದಲ್ಲೇ ನಿಂತೆ. ಕೆಂಪು ದೀಪ ಹತ್ತಿತು. ‘ಕೆರೆ’ ಬಂದಾಗೆಲ್ಲ ನಾನು ಎರಡು ಬೆರಳು ಹತ್ತಿರ ತಂದು ಗಿಡ್ಡ ಅಂತ ತೋರಿಸಬೇಕು, ಅವನು ಗಿಡ್ಡಾಗಿ ಹಾಡಬೇಕು. ಮೊದಲ ಸಲ ಸರಿ ಬಂತು. ಎರಡನೇ ಸಲ ಸರಿ ಬಂತು. ದೇವರೇ, ಗೆದ್ದೆ ಅಂದುಕೊಂಡೆ. ಕಟ್ಟಕಡೆಗೆ ಡ್ರಮ್ಮು ಧಡಧಡ ಅಂದಿತು, ಅವನಿಗೆ ಹುರುಪು ಏರಿತು, ಕುತ್ತಿಗೆ ಎತ್ತಿ ಎಳೆದ: “ಕೇರೇಏಏ...”

ನನ್ನ ಹೊಟ್ಟೆಯೊಳಗಿಂದ ಅಪ್ಪ ಎದ್ದು ಬಂದರು. ಮೈಕು ಮರೆತೆ, ಕೆಂಪು ದೀಪ ಮರೆತೆ, ಷರತ್ತು ಮರೆತೆ.

“ಕೇರೆ ಅಲ್ಲೋ ಖೋಡೀ, ಕೆರೆ! ಹ್ರಸ್ವಾ! ಹ್ರಸ್ವಾ!”

ದೀಪ ಆರಿತು. ಸಾಹೇಬರು ಗಾಜಿನ ಬಾಗಿಲು ದೂಡಿಕೊಂಡು ಬಂದರು. ರಾಜೀನಾಮೆ ಬರೆಯಲು ಪೆನ್ನಿಗೆ ಕಿಸೆಯಲ್ಲಿ ಕೈ ಹಾಕಿದೆ. ಅವರು ನನ್ನನ್ನು ತಬ್ಬಿಕೊಂಡರು!

“ವಾಹ್! ಆ ಚೀರಾಟ! ಇಂಗ್ಲಿಷ್ ರೆಕಾರ್ಡಿನಲ್ಲಿ ಹೀಗೇ ಚೀರುತ್ತಾರೆ! ‘ರಸ್ವಾ, ರಸ್ವಾ’! ಇದೇ ರಾಕ್ ಎಂಡ್ ರೋಲ್!”

“ಸಾಹೇಬ್ರ, ಅದು ತಪ್ಪು ತಿದ್ದಿದ್ದು. ನನ್ನ ದನಿ ಬರಕೂಡದು ಅಂತ ನೀವೇ...”

“ಅದು ಹಾಡಿಗೆ! ಚೀರುವುದಕ್ಕೆ ಷರತ್ತಿಲ್ಲ,” ಅಂದರು. ಪ್ಲೇಟು ಹಾಗೇ ಹೊರಟಿತು. ಲೇಬಲ್ಲಿನ ಮೇಲೆ ಮತ್ತೆ ಅದೇ ‘ನಾನೆ’. ಅಪ್ಪನಿಗೆ ಈ ಸಲ ನಾನು ಕಳಿಸಲಿಲ್ಲ. ಯಾವ ಮುಖ ಇಟ್ಟುಕೊಂಡು ಕಳಿಸಲಿ?

ತಿಂಗಳ ಮೇಲೆ ಊರಿನಿಂದ ಬಂದವರು ಸುದ್ದಿ ತಂದರು. ಧಾರವಾಡದ ಕಾಲೇಜು ಹುಡುಗರೆಲ್ಲ ಹೋಟೆಲಿನಲ್ಲಿ ಆ ಪ್ಲೇಟು ಹಾಕಿಸಿ, ಕೊನೆಗೆ ಮೇಜು ಬಡಿದು, “ಹ್ರಸ್ವಾ! ಹ್ರಸ್ವಾ!” ಅಂತ ಕುಣಿಯುತ್ತಾರಂತೆ. ಮಾಸ್ತರರೂ ಒಂದು ಸಂಜೆ ಆ ಹೋಟೆಲಿಗೆ ಹೋಗಿ ಕೂತು ಕೇಳಿದರಂತೆ. ಎರಡು ದಿನಕ್ಕೆ ಅಪ್ಪನ ಕಾರ್ಡು ಬಂತು. ಮೊದಲ ಸಲ ಕಪ್ಪು ಶಾಯಿಯಲ್ಲಿ.

“ಪ್ಲೇಟು ಕೇಳಿದೆ. ಮತ್ತೊಮ್ಮೆ ಹಚ್ಚಸಿದೆ. ಹಾಡು ಸುಮಾರು ಅದ. ಹಾಡಿದವಗ ಕನ್ನಡ ಬರೂದಿಲ್ಲ. ಆದರ ಕಡೀಕ ಒದರಿದವನ ವ್ಯಾಕರಣ ಶುದ್ಧ ಅದ. ಒಂದು ಹ್ರಸ್ವಕ್ಕ ಇಷ್ಟು ಜೀವಾ ಬಿಡೋ ಮಂದಿ ಈ ಲೋಕದಾಗ ಇಬ್ಬರ, ಒಬ್ಬಾಂವ ನಾನು. ಹೋಟೆಲಿನಾಗ ಎಲ್ಲಾರ ಮುಂದ ಎದ್ದು ನಿಂತು ‘ನನ್ನ ಮಗಾ’ ಅಂದೆ. ಆ ‘ನಾನೇ’ ನೀನೇ.”