ಅಮೃತಪ್ಪ ಮಂದು ಬಿಡಲಿಲ್ಲ

ಕನ್ನಡದಲ್ಲಿ ‘ಮದ್ದು’, ತೆಲುಗಿನಲ್ಲಿ ‘ಮಂದು’. ಒಂದು ಒತ್ತಕ್ಷರ ಹೋಗಿ ಅದರ ಜಾಗಕ್ಕೆ ಒಂದು ಸೊನ್ನೆ ಬಂದಿದೆ, ಅಷ್ಟೇ. ಆ ಸೊನ್ನೆಯಷ್ಟು ಗಾತ್ರದ ಗುಂಡಿಯಲ್ಲಿ ಅಮೃತಪ್ಪನಂಥ ಆರಡಿ ಆಳು ತಲೆಕೆಳಗಾಗಿ ಬಿದ್ದದ್ದು ಒಂದು ಶನಿವಾರ ಬೆಳಿಗ್ಗೆ, ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು, ಯಾರಿಗೂ ಕೇಡು ಬಯಸದೆ ಮೆಟ್ಟಿಲಿಳಿಯುತ್ತಿದ್ದಾಗ.

ಅಮೃತಪ್ಪ ಇಳಕಲ್ಲಿನವನು. ಸಿಕಂದರಾಬಾದಿನ ವಿಮಾ ಕಚೇರಿಗೆ ವರ್ಗವಾಗಿ ಬಂದು, ಉಪ್ಪಲ್‌ನಲ್ಲಿ ಯಾದಗಿರಿ ಎಂಬವರ ಮನೆಯ ತಾರಸಿ ಕೋಣೆಯಲ್ಲಿದ್ದ. ಹೆಂಡತಿ ಶಿವದೇವಿ ಮತ್ತು ಮಗಳು ಪಿಂಕಿ ಇನ್ನೂ ಊರಲ್ಲೇ ಇದ್ದರು. ಯಾದಗಿರಿಯವರ ಕೆಳಗಿನ ಮನೆ ಈಚೆಗೆ ಖಾಲಿಯಾಗಿತ್ತು. ಅದು ಸಿಕ್ಕರೆ ತಾಯಿ ಮಗಳು ಬರುವವರು. ಸಿಗದಿದ್ದರೆ ಪಿಂಕಿಯ ಹೆಸರನ್ನು ಈ ವರ್ಷವೂ ಇಳಕಲ್ಲಿನ ಶಾಲೆಯಲ್ಲೇ ಹಚ್ಚುವುದಾಗಿ ಶಿವದೇವಿ ಖಡಾಖಂಡಿತ ಹೇಳಿದ್ದಳು. ಯಾದಗಿರಿಯವರು ಮಾತು ಕೊಡಬೇಕಾದದ್ದು ಆ ಶನಿವಾರದ ಸಂಜೆಯೇ. ಅವರ ಹೆಂಡತಿ ಭಾರತಮ್ಮನದು ಒಂದೇ ಕರಾರು: ಕುಡಿಯುವವರಿಗೆ ಮನೆಯಿಲ್ಲ. ಹಿಂದೆ ಇದ್ದವನು ಕುಡಿದು ಬಂದು, ನೀರಿನ ಮೋಟರಿನ ಪಕ್ಕ ಕೂತು ಅದಕ್ಕೆ ಜೋಗುಳ ಹಾಡುತ್ತಿದ್ದನಂತೆ.

ಆ ವಿಷಯದಲ್ಲಿ ಅಮೃತಪ್ಪನಿಗೆ ಚಿಂತೆಯೇ ಇರಲಿಲ್ಲ. ಅವನು ಚಹಾವನ್ನೇ ಅರ್ಧ ಲೋಟಕ್ಕೆ ನಿಲ್ಲಿಸುವವನು. ಅವನ ಚಿಂತೆ ಹಲ್ಲಿನದು. ಬಲಗಡೆಯ ದವಡೆ ಹಲ್ಲಿನ ಬುಡದಲ್ಲಿ ಕೀವು ತುಂಬಿ, ಕೆನ್ನೆ ಎಣ್ಣೆಗೆ ಬಿದ್ದ ಪೂರಿಯ ಹಾಗೆ ಉಬ್ಬಿತ್ತು. ಹಿಂದಿನ ದಿನ ಹೈದರಾಬಾದಿನ ಕೋಠಿ ಬಡಾವಣೆಯಲ್ಲಿ ಹಲ್ಲಿನ ಡಾಕ್ಟರಮ್ಮ ಅಪೂರ್ವ ಅವರಿಗೆ ತೋರಿಸಿದ್ದ. ಅವರು ಬೀದರಿನವರು, ಬೈಗುಳ ಅಚ್ಚ ಕನ್ನಡದಲ್ಲೇ ಸಿಕ್ಕಿತು.

“ಇದು ಎಷ್ಟನೇ ಸಲರಿ?”

“ಮೂರನೇದ್ರಿ.”

“ಹಿಂದಿನ ಎರಡೂ ಸಲ ಗುಳಿಗಿ ಪೂರಾ ತಗೊಂಡಿದ್ರ್ಯಾ?”

“ನೋವು ನಿಂತ್ಮ್ಯಾಲ ಯಾಕಂತ ಬಿಟ್ಟೆರಿ.”

“ಗುಳಿಗಿನೂ ಅರ್ಧಕ್ಕ ಬಿಟ್ರಿ, ಹಲ್ಲಿನ ಬೇರು ಸ್ವಚ್ಛ ಮಾಡಸ್ಕೊಳ್ಳಾಕೂ ಬರಲಿಲ್ಲ. ಅರ್ಧಮರ್ಧ ಪೆಟ್ಟು ತಿಂದು ಉಳದ ರೋಗಾಣು ಗಟ್ಟಿ ಆಗ್ತಾವ, ತಿಳೀತ? ಈ ಸಲ ಬಿಟ್ರ ನನ್ನ ಕಡೆ ಬರಬ್ಯಾಡ್ರಿ.” ಆಮೇಲೆ ಸ್ವಲ್ಪ ತಣ್ಣಗಾಗಿ, ಎರಡು ಬಗೆಯ ಗುಳಿಗೆ ಬರೆದರು. “ಇದು ಅಮಾಕ್ಸಿಸಿಲಿನ್, ಪೆನಿಸಿಲಿನ್ ಮನೆತನದ್ದು. ರೋಗಾಣು ತಮ್ಮ ಸುತ್ತ ಗೋಡಿ ಕಟ್ಟಕೊಳ್ಳೋದನ್ನ ತಡೀತೈತಿ. ಗೋಡಿ ಇಲ್ದ ಅವು ಒಡದು ಸಾಯ್ತಾವ. ಮೈಗೆ ದದ್ದು ಎದ್ರ, ಉಸಿರು ಹಿಡದ್ರ ಮಾತ್ರ ಅದನ್ನ ನಿಲ್ಲಿಸಿ ಓಡಿ ಬರ್ರಿ. ಇದು ಮೆಟ್ರೋನಿಡಜೋಲ್. ಗಾಳಿ ಆಡದ ಸಂದ್ಯಾಗ ಅಡಗಿ ಕೂತ ಜಾತಿಗೆ. ಬಾಯಿ ತಾಮ್ರದ ತಂಬಿಗಿ ನೆಕ್ಕಿದಂಗ ಆಗ್ತೈತಿ, ಹೊಟ್ಟಿ ತೊಳಸ್ತೈತಿ, ತಲಿ ತಿರಗತೈತಿ. ಅಂಜಬ್ಯಾಡ್ರಿ.”

“ಮನ್ಯಾಗ ಉಳದದ್ದು ಐತಿ ಅಂತ ಮಂದಿ ಕೊಡ್ತಾರಲ್ರಿ?”

“ಮುಟ್ಟಬ್ಯಾಡ್ರಿ! ಅಜಿತ್ರೋಮೈಸಿನ್ ರೋಗಾಣುವಿನ ಅಡಗಿಮನಿ ಬಂದ್ ಮಾಡ್ತೈತಿ. ಡಾಕ್ಸಿಸೈಕ್ಲಿನ್ನೂ ಅದೇ ಕೆಲಸ, ಆದ್ರ ಅದನ್ನ ನುಂಗಿ ಬಿಸಿಲಾಗ ಅಡ್ಡಾಡಿದ್ರ ಮೈ ಸುಡ್ತೈತಿ. ಸಿಪ್ರೋಫ್ಲಾಕ್ಸಾಸಿನ್ ಅವು ಮರಿ ಹಾಕೋದನ್ನ ನಿಲ್ಲಸ್ತೈತಿ, ಕೆಲವರಿಗೆ ಹಿಮ್ಮಡದ ನರ ಹಿಡದು ಕುಂಟೂ ಹಂಗ ಮಾಡ್ತೈತಿ. ಯಾರ ಮನಿಗೆ ಯಾರನ್ನ ಕಳಸಬೇಕು ಅನ್ನೋದು ನನಗ ಬಿಡ್ರಿ.”

ಅಮೃತಪ್ಪ ಅವತ್ತೇ ಮನಸ್ಸಿನಲ್ಲಿ ಪ್ರತಿಜ್ಞೆ ಮಾಡಿದ. ಆಕಾಶ ಕಳಚಿ ಬಿದ್ದರೂ ಈ ಸಲ ಗುಳಿಗೆ ಅರ್ಧಕ್ಕೆ ಬಿಡುವುದಿಲ್ಲ.

ಶನಿವಾರ ಬೆಳಿಗ್ಗೆ ಮೆಟ್ಟಿಲ ಬುಡದಲ್ಲಿ ಭಾರತಮ್ಮ ಅವನ ಕೆನ್ನೆ ನೋಡಿ “ಅಯ್ಯೋ ದೇವುಡಾ!” ಎಂದು ಒಳಗೆ ಓಡಿದರು. ಕೈಯಲ್ಲಿ ಒಂದೇ ಒಂದು ಗುಳಿಗೆ ಉಳಿದ ಪಟ್ಟಿ ಹಿಡಿದು ಬಂದರು. ಮೊಮ್ಮಗನ ನೆಗಡಿಗೆ ತಂದ ಅಜಿತ್ರೋಮೈಸಿನ್ನು. ನೆಗಡಿಗೆ ಅದು ಏನೂ ಮಾಡುವುದಿಲ್ಲ ಎಂಬುದು ಬೇರೆ ಮಾತು. ಪಾಪ, ಆ ತಾಯಿ ಕೊಡಲು ಬಂದದ್ದು ಅಂತಃಕರಣದಿಂದ.

ಅಮೃತಪ್ಪನಿಗೆ ತನ್ನ ತೆಲುಗಿನ ಬಗ್ಗೆ ಬಹಳ ಅಭಿಮಾನ. ಮದ್ದಿಗೆ ಮಂದು ಎನ್ನುತ್ತಾರೆಂದು ಔಷಧ ಅಂಗಡಿಯ ಬೋರ್ಡು ನೋಡಿ ಕಲಿತಿದ್ದ. ಇನ್ನು ‘ತಗೋ’ ಎಂಬುದಕ್ಕೆ? ದಿನವೂ ಕಿವಿಗೆ ಬೀಳುವ ‘ತಾಗು’ ಅದೇ ಇರಬೇಕೆಂದು ತಾನೇ ತೀರ್ಮಾನಿಸಿದ್ದ. ಅದಕ್ಕೆ ‘ಕುಡಿ’ ಎಂದು ಅರ್ಥ, ಮತ್ತು ‘ಮಂದು ತಾಗು’ ಎಂದರೆ ಇಡೀ ತೆಲಂಗಾಣದಲ್ಲಿ ಹೆಂಡದ ಶೀಸೆಯ ನೆನಪೊಂದೇ ಬರುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

“ವದ್ದಮ್ಮಾ,” ಎಂದ ಅಮೃತಪ್ಪ, ಕೈ ಮುಗಿದು, ಉಬ್ಬಿದ ಕೆನ್ನೆಯ ಸಂದಿಯಿಂದ. “ನೇನು ಮಂದು ತಾಗುತುನ್ನಾನು ಕದಾ! ಪೊದ್ದುನ, ಮಧ್ಯಾಹ್ನಂ, ರಾತ್ರಿ. ಮೂಡು ಪೂಟಲಾ!”

ಬೇಡ ತಾಯಿ, ನಾನು ಕುಡಿಯುತ್ತಿದ್ದೇನಲ್ಲ, ಮೂರು ಹೊತ್ತೂ ಎಂದೇ ಅವರಿಗೆ ಕೇಳಿಸಿತು! ಭಾರತಮ್ಮನ ಕೈಯಿಂದ ಪಟ್ಟಿ ಜಾರಿ ಬಿತ್ತು. ಒಳಗೆ ಪತ್ರಿಕೆ ಓದುತ್ತಿದ್ದ ಯಾದಗಿರಿಯವರು ಪತ್ರಿಕೆಯನ್ನು ಮೆಲ್ಲಗೆ ಇಳಿಸಿ, ಅದರ ಮೇಲಿಂದ ಅಮೃತಪ್ಪನನ್ನು ದಿಟ್ಟಿಸಿದರು. ತನ್ನ ತೆಲುಗಿಗೆ ಇಬ್ಬರೂ ಬೆರಗಾದರೆಂದು ತಿಳಿದು ಅಮೃತಪ್ಪ ಹಿಗ್ಗಿನಿಂದ ಮೆಟ್ರೋ ಹತ್ತಿದ.

ಕಚೇರಿ ತಲುಪುವಷ್ಟರಲ್ಲಿ ಗುಳಿಗೆ ತನ್ನ ಗುಣ ತೋರಿಸಿತ್ತು. ಹೊಟ್ಟೆಯಲ್ಲಿ ಯಾರೋ ಮಜ್ಜಿಗೆ ಕಡೆಯುತ್ತಿದ್ದರು. ನೆಲ ಒಂದು ಕಡೆ ವಾಲುತ್ತಿತ್ತು. ಕುರ್ಚಿಯೆಂದು ಭಾವಿಸಿ ಕಸದ ಬುಟ್ಟಿಯ ಮೇಲೆ ಕೂರಲು ಹೋದವನನ್ನು ಪಕ್ಕದ ಮೇಜಿನ ನರ್ಸಿಂಗ್ ಹಿಡಿದುಕೊಂಡ. ಈ ನರ್ಸಿಂಗ್ ಭಾರತಮ್ಮನ ಖಾಸಾ ತಮ್ಮ; ತಾರಸಿ ಕೋಣೆ ಕೊಡಿಸಿದವನೂ ಅವನೇ.

“ಏಮೈಂದಿ ಅನ್ನಾ?” ಏನಾಯಿತಣ್ಣ ಎಂದು ಕೇಳಿ, ತನ್ನ ಮೇಜಿನ ಖಾನೆಯಿಂದ ಸಿಪ್ರೋಫ್ಲಾಕ್ಸಾಸಿನ್ ಪಟ್ಟಿ ತೆಗೆದ. ಹೋದ ವರ್ಷ ಮದುವೆಯೂಟ ಹೆಚ್ಚಾದಾಗ ತಂದು, ಅರ್ಧಕ್ಕೆ ಬಿಟ್ಟದ್ದು.

“ವದ್ದು!” ಅಮೃತಪ್ಪ ಮೇಜು ಗುದ್ದಿದ. “ನೇನು ಮಂದು ತಾಗುತುನ್ನಾನು.”

ನರ್ಸಿಂಗ್ ಸುತ್ತಮುತ್ತ ನೋಡಿ ದನಿ ತಗ್ಗಿಸಿದ. “ಆಫೀಸಿನಲ್ಲಿ ಹೀಗೆ ಕೂಗಿ ಹೇಳುತ್ತಾರೆಯೇ ಅನ್ನಾ? ಬಿಟ್ಟುಬಿಡಿ. ಮನಸ್ಸು ಮಾಡಿದರೆ ಬಿಡಬಹುದು.”

ಬಿಡು ಎಂಬ ಮಾತು ಅಮೃತಪ್ಪನ ನೆತ್ತಿಗೇರಿತು. ಬಿಟ್ಟದ್ದರಿಂದಲೇ ಅಲ್ಲವೇ ಈ ಗತಿ? “ರೆಂಡು ಸಾರ್ಲು ವದಿಲಾನು,” ಎಂದು ಎರಡು ಬೆರಳು ಎತ್ತಿದ. “ಮಳ್ಳೀ ಒಚ್ಚಿಂದಿ!” ಎರಡು ಸಲ ಬಿಟ್ಟೆ, ಮತ್ತೆ ಬಂತು.

“ಹೌದು, ಮತ್ತೆ ಬರುತ್ತದೆ,” ಎಂದು ನರ್ಸಿಂಗ್ ನಿಟ್ಟುಸಿರಿಟ್ಟ. “ನಮ್ಮ ದೊಡ್ಡಪ್ಪನಿಗೂ ಹೀಗೇ ಆಗಿತ್ತು.”

“ಈಸಾರಿ ವದಲನು! ಮೊತ್ತಂ ಅಯ್ಯೇದಾಕಾ ವದಲನು!” ಪೂರ್ತಿ ಖಾಲಿಯಾಗುವವರೆಗೆ ಬಿಡುವುದಿಲ್ಲ. ಅಮೃತಪ್ಪನ ಈ ಗರ್ಜನೆಗೆ ಇಡೀ ಕಚೇರಿಯ ಕೀಬೋರ್ಡುಗಳ ಸದ್ದು ನಿಂತುಹೋಯಿತು.

ಆಮೇಲೆ ಯಾರೂ ಅವನನ್ನು ಏನೂ ಕೇಳಲಿಲ್ಲ. ಒಬ್ಬರು ಅವನ ಕಡತಗಳನ್ನು ಸದ್ದಿಲ್ಲದೆ ತಮ್ಮ ಮೇಜಿಗೆ ಎತ್ತಿಕೊಂಡು ಹೋದರು. ಇನ್ನೊಬ್ಬರು ಫ್ಯಾನನ್ನು ಅವನ ಕಡೆ ತಿರುಗಿಸಿದರು. ನಗದು ವಿಭಾಗದ ಹೆಣ್ಣುಮಗಳು ನಿಂಬೆಹಣ್ಣಿನ ಶರಬತ್ತು ತಂದಿಟ್ಟು, ಕಣ್ಣೊರೆಸಿಕೊಂಡು ಹೋದಳು. ಹಲ್ಲುನೋವಿಗೆ ಇಷ್ಟೊಂದು ಕರುಣೆ ತೋರುವ ಊರು ಭೂಮಿಯ ಮೇಲೆ ಇನ್ನೊಂದಿಲ್ಲ ಎಂದುಕೊಂಡ ಅಮೃತಪ್ಪ. ಮಧ್ಯಾಹ್ನ ಊಟದ ನಂತರ, ಎಲ್ಲರೂ ನೋಡುತ್ತಿದ್ದಂತೆ ಗುಳಿಗೆ ಬಾಯಿಗೆ ಹಾಕಿ, ಸ್ಟೀಲಿನ ಬಾಟಲಿ ಎತ್ತಿ ಗಟಗಟ ನೀರು ಕುಡಿದ. ಗುಳಿಗೆ ಯಾರ ಕಣ್ಣಿಗೂ ಬೀಳಲಿಲ್ಲ. ಬಾಟಲಿ ಎಲ್ಲರ ಕಣ್ಣಿಗೂ ಬಿತ್ತು. ತಾಮ್ರದ ರುಚಿಗೆ ಅವನು ಮುಖ ಕಿವುಚಿದ್ದನ್ನು ನೋಡಿ, “ನೀರು ಬೆರೆಸದೆಯೇ!” ಎಂದು ಮ್ಯಾನೇಜರು ಉದ್ಗರಿಸಿ, ಅರ್ಧ ದಿನ ರಜೆ ಕೊಟ್ಟು ನರ್ಸಿಂಗನ ಜೊತೆ ಆಟೋದಲ್ಲಿ ಕಳಿಸಿದರು.

ಆಟೋ ಉಪ್ಪಲ್ ತಲುಪಿದಾಗ ಅಮೃತಪ್ಪ ಗೇಟನ್ನು ಹಿಡಿದು, ಚರಂಡಿಗೆ ಬಾಗಿ, ಮಧ್ಯಾಹ್ನದ ಊಟವನ್ನು ಮರಳಿಸಿದ. ಕಣ್ಣು ಕೆಂಪಾಗಿ, ಕಾಲು ಅಡ್ಡಾದಿಡ್ಡಿಯಾಗಿ ಜಗಲಿಗೆ ಬಂದರೆ, ಗಂಡ ಹೆಂಡತಿ ಇಬ್ಬರೂ ಕಾಯುತ್ತಿದ್ದರು. ನರ್ಸಿಂಗನ ಫೋನು ಆಟೋಗಿಂತ ಮೊದಲೇ ಬಂದಿತ್ತು. ಭಾರತಮ್ಮನ ಕಣ್ಣು ತುಂಬಿತ್ತು. ಆದರೆ ಯಾದಗಿರಿಯವರ ಕೈಯಲ್ಲಿ ಕೀಲಿಕೈ ಇತ್ತು!

“ಅಮೃತಪ್ಪಗಾರೂ, ಕೆಳಗಿನ ಮನೆ ನಿಮಗೇ,” ಎಂದರು ಅವರು, ತುಂಬಿದ ದನಿಯಲ್ಲಿ. “ಇವಳು ಮೊದಲು ಬೇಡವೆಂದಳು. ನಾನೇ ತಿಳಿಹೇಳಿದೆ. ಕುಡಿಯುವವನನ್ನು ಹೊರಗೆ ಹಾಕುವುದು ದೊಡ್ಡ ಮಾತಲ್ಲ. ಮನೆಯೊಳಗೆ ಇಟ್ಟುಕೊಂಡು ಸುಧಾರಿಸುವುದು ದೊಡ್ಡ ಮಾತು. ಹೆಂಡತಿ ಮಗಳನ್ನು ಕರೆಸಿ. ನಿಧಾನಕ್ಕೆ ಬಿಡುವಿರಂತೆ.”

ಕೀಲಿಕೈಗೆ ಚಾಚಿದ ಅಮೃತಪ್ಪನ ಕೈ ಅರ್ಧದಾರಿಯಲ್ಲಿ ನಿಂತಿತು. “ಕುಡಿಯೋದಾ? ಯಾರು?”

“ನೀವೇ ಹೇಳಿದಿರಲ್ಲ ಅನ್ನಾ,” ಎಂದ ನರ್ಸಿಂಗ್. “ಮಂದು ತಾಗುತುನ್ನಾನು ಅಂತ.”

ಆಗ ಬೆಳಿಗ್ಗೆಯಿಂದ ನಡೆದದ್ದೆಲ್ಲ ಒಂದೊಂದಾಗಿ ಅಮೃತಪ್ಪನ ತಲೆಗೆ ಇಳಿಯಿತು. ಶರಬತ್ತು, ಫ್ಯಾನು, ಕಣ್ಣೊರೆಸಿಕೊಂಡ ಹೆಣ್ಣುಮಗಳು. ಕೀಲಿಕೈ ಮೂಗಿನ ಮುಂದೆ ತೂಗುತ್ತಿತ್ತು. ಸುಮ್ಮನೆ ತೆಗೆದುಕೊಂಡಿದ್ದರೆ ಆಗುತ್ತಿತ್ತು. ಪಿಂಕಿಯ ಮುಖವೂ ಕಣ್ಣ ಮುಂದೆ ಬಂತು. ಆದರೆ ಕುಡುಕನೆಂಬ ಹೆಸರಿನ ಮೇಲೆ ಹೆಂಡತಿಯನ್ನು ಮನೆ ತುಂಬಿಸುವುದೇ? ಅವನ ಮೈಯೆಲ್ಲ ಉರಿಯಿತು.

“ನೋಡ್ರಿಲ್ಲೆ! ಇದು ನನ್ನ ಮಂದು!” ಎಂದು ಕನ್ನಡದಲ್ಲೇ ಆರ್ಭಟಿಸಿ, ಚೀಲದಿಂದ ಎರಡೂ ಗುಳಿಗೆ ಪಟ್ಟಿಗಳನ್ನು ತೆಗೆದು ಜಗಲಿಯ ಮೇಲೆ ಅಪ್ಪಳಿಸಿದ. ಬಾಯಿ ಆ ಎಂದು ತೆರೆದು ಹಲ್ಲು ತೋರಿಸಿದ. ಹತ್ತಿರ ಬಂದು ಉಸಿರು ಮೂಸಿ ನೋಡಲು ನರ್ಸಿಂಗನಿಗೆ ಸವಾಲು ಹಾಕಿದ. ನರ್ಸಿಂಗ್ ಮೂಸಿ, ಪಟ್ಟಿ ಓದಿ, ಹೊಟ್ಟೆ ಹಿಡಿದು ನಕ್ಕು ಅಲ್ಲೇ ಕುಸಿದ. “ಅನ್ನಾ, ಗುಳಿಗೆಗೆ ‘ತಾಗು’ ಅನ್ನೋದಿಲ್ಲ, ‘ವೇಸುಕೋ’ ಅಂತಾರೆ!”

ಭಾರತಮ್ಮ ಕೆನ್ನೆ ಬಡಿದುಕೊಂಡು, ಹಸಿದ ಹೊಟ್ಟೆಗೆ ಮೊಸರನ್ನ ಕಲಸಲು ಒಳಗೆ ಓಡಿದರು. ಅಮೃತಪ್ಪ ಎದೆ ಸೆಟೆಸಿ ನಿಂತು ಕೈ ಚಾಚಿದ. “ಈಗ ಕೊಡ್ರಿ ಕೀಲಿ.”

ಯಾದಗಿರಿಯವರ ಕೈಯಲ್ಲಿ ಕೀಲಿಕೈ ಇರಲಿಲ್ಲ. ಅದು ಅಂಗಿಯ ಕಿಸೆ ಸೇರಿತ್ತು. ಅವರ ಮುಖ ಗಾಳಿ ಹೋದ ಬಲೂನಾಗಿತ್ತು. ನರ್ಸಿಂಗನನ್ನು ಒಳಗೆ ಕಳಿಸಿ, ಅಮೃತಪ್ಪನನ್ನು ಮೆಟ್ಟಿಲ ಮರೆಗೆ ಎಳೆದರು.

“ಎಂಥ ಕೆಲಸ ಮಾಡಿಬಿಟ್ಟಿರಿ! ಮೊದಲಿದ್ದವನು ಇರುವತನಕ ಮನೆಯಲ್ಲಿ ಏನು ವಾಸನೆ ಬಂದರೂ ಅದು ಅವನದೇ. ಅವನ ನೆರಳಿನಲ್ಲಿ ನಾನೂ ಒಂದು ಗುಟುಕು ಕಂಡುಕೊಂಡಿದ್ದೆ. ಅವನು ಹೋದ ಮೇಲೆ ನನ್ನ ಗಂಟಲು ಬೇಸಿಗೆಯ ಮುನ್ಸಿಪಾಲಿಟಿ ನಲ್ಲಿಯಾಗಿದೆ. ಬೆಳಿಗ್ಗೆ ನಿಮ್ಮ ಮಾತು ಕೇಳಿದಾಗ ದೇವರೇ ಬಂದ ಹಾಗಾಗಿತ್ತು.” ಅವರು ಆಚೀಚೆ ನೋಡಿದರು. “ಇನ್ನೂ ಕೆಟ್ಟಿಲ್ಲ. ಮೋಟರು ಪೆಟ್ಟಿಗೆಯಲ್ಲಿ ಒಂದು ಶೀಸೆ ಇದೆ. ಒಂದೇ ಒಂದು ಗುಟುಕು ಹಾಕಿ ಅವಳ ಮುಂದೆ ಒಮ್ಮೆ ಉಸಿರು ಬಿಡಿ. ಮನೆ ನಿಮ್ಮದು.”

“ಸಾಧ್ಯಾನ ಇಲ್ಲ,” ಎಂದ ಅಮೃತಪ್ಪ. ಮೆಟ್ರೋನಿಡಜೋಲ್ ಹೊಟ್ಟೆಯಲ್ಲಿರುವಾಗ ಹನಿ ಮದ್ಯ ಬಿದ್ದರೂ ಮುಖ ಕೆಂಪೇರಿ, ಎದೆ ನಗಾರಿಯಾಗಿ, ಕರುಳು ಬಾಯಿಗೆ ಬರುತ್ತದೆಂದು ಡಾಕ್ಟರಮ್ಮ ಬೆರಳಾಡಿಸಿ ಹೇಳಿದ್ದರು. “ಮಂದಿನ ಮ್ಯಾಲ ಮಂದು ನಡ್ಯಂಗಿಲ್ಲ.”

“ಗುಳಿಗೆ ಮುಗಿದ ಮೇಲೆ?”

“ಆಮ್ಯಾಲೂ ಇಲ್ಲ!”

ಯಾದಗಿರಿಯವರು ನಿಟ್ಟುಸಿರಿಟ್ಟು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಭಾರತಮ್ಮ ಮೊಸರನ್ನದ ಬಟ್ಟಲು ಹಿಡಿದು ಬಂದರು. ಕಣ್ಣಿನಲ್ಲಿ ಈಗ ಬೇರೆಯೇ ಬೆಳಕು. “ಬಾಬೂ, ಬೇಜಾರು ಮಾಡಿಕೊಳ್ಳಬೇಡ. ಇವರು ಹೇಳಿದ್ದು ನನ್ನ ಮನಸ್ಸಿಗೆ ನಾಟಿಬಿಟ್ಟಿದೆ. ಸುಧಾರಿಸಬೇಕಾದವನಿಗೆ ಮನೆ ಕೊಡಬೇಕು. ನೀನು ಬಂಗಾರದಂಥವನು, ಎಲ್ಲಿದ್ದರೂ ಬದುಕುತ್ತೀಯ. ಮದುವೆ ಬ್ಯಾಂಡಿನಲ್ಲಿ ಕಹಳೆ ಊದುವ ಹುಡುಗನೊಬ್ಬ ಕೇಳುತ್ತಿದ್ದ. ಪಾಪ, ತುಂಬಾ ಕುಡಿಯುತ್ತಾನೆ. ಅವನಿಗೇ ಕೊಡುತ್ತಿದ್ದೇವೆ.”

ಹಿಂದೆ ನಿಂತಿದ್ದ ಯಾದಗಿರಿಯವರು ಆಕಾಶ ನೋಡುತ್ತಿದ್ದರು.

ಅಮೃತಪ್ಪ ಮೊಸರನ್ನ ತಿಂದು ತಾರಸಿ ಕೋಣೆ ಸೇರುವ ಹೊತ್ತಿಗೆ ಶಿವದೇವಿಯ ಫೋನು ಬಂತು.

“ಏನಾತುರಿ? ಮನಿ ಕೊಟ್ರ್ಯಾ?”

“ಇಲ್ಲ ಶಿವಿ. ಕೊಡ್ಲಿಲ್ಲ.” ಉಬ್ಬಿದ ಕೆನ್ನೆಯಲ್ಲಿ ನಾಲಿಗೆ ಹೊರಳುತ್ತಿರಲಿಲ್ಲ.

“ಯಾಕಂತ?”

“ನಾ ಕುಡ್ಯಾಂಗಿಲ್ಲ ಅಂತ.”

ಅತ್ತ ಕಡೆ ಶಿವದೇವಿಯ ದನಿ ಏರಿತು. “ಕುಡ್ಯಾಂಗಿಲ್ಲಂತ ಮನಿ ಕೊಡ್ಲಿಲ್ಲ? ಯಾರ ಮುಂದ ಹೇಳಾಕತ್ತೀರಿ? ಮಾತು ನೋಡ್ರಿ ಹೆಂಗ ತೊದಲಾಕತ್ತಾವ. ಖರೇ ಹೇಳ್ರಿ, ಎಷ್ಟು ಕುಡದೀರಿ?”

“ಅಲ್ಲ ಶಿವಿ, ಗುಳಿಗಿ ತಗೊಂಡೀನಿ, ಗುಳಿಗಿ…”

“ಹಾಂ? ಗುಳಿಗಿನೂ ಶುರು ಆಗ್ಯಾವೇನು? ಅಪ್ಪಾರನ್ನ ಕರಕೊಂಡು ನಾಳಿನ ಬಸ್ಸಿಗೇ ಬರ್ತೀನಿ. ನಾ ಬರೂ ತನಕ ಏನೂ ಮುಟ್ಟಬ್ಯಾಡ್ರಿ, ಎಲ್ಲಾ ಬಿಟ್ಟುಬಿಡ್ರಿ!”

ಫೋನು ಕಡಿಯಿತು. ಅಮೃತಪ್ಪ ಪಟ್ಟಿ ಹರಿದು, ಗುಳಿಗೆ ನಾಲಿಗೆಯ ಮೇಲಿಟ್ಟು, ಲೋಟ ಎತ್ತಿದ.

“ಮಾವಾರು ಬರಲಿ, ಅವರ ಮಾವಾರೂ ಬರಲಿ,” ಎಂದ, ಖಾಲಿ ಕೋಣೆಗೆ. “ಬಿಡಂಗಿಲ್ಲ ಅಂದ್ರ ಬಿಡಂಗಿಲ್ಲ.”

ಮತ್ತೆ ಗಟಗಟ ಕುಡಿದ.