ನಿಂತಲ್ಲೆಲ್ಲ ನೆಂಟರು

ಹಸು-ಎಮ್ಮೆಗಳ ಡಾಕ್ಟರಾದವರು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ಬಂದು ಕಾಲಿಗೆ ತೊಡರುತ್ತವೆ. ಆದರೆ ಹೋದ ವರ್ಷದಿಂದ ನನಗೆ ಅಂಥವು ಹಸುಗಳಿಗಿಂತ ಹೆಚ್ಚಾಗಿ ನಮ್ಮ ಕಾರಿನ ದೆಸೆಯಿಂದ ಒದಗುತ್ತಿವೆ.

ನಾನು ಶಿಡ್ಲಘಟ್ಟದಲ್ಲಿ ಪಶುವೈದ್ಯೆ. ನಮ್ಮ ಯಜಮಾನರು ಚಿಂತಾಮಣಿಯ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಾರೆ. ಇಬ್ಬರೂ ಸೇರಿ ಆಸೆಪಟ್ಟು ಕೊಂಡ ಹೊಸ ಕಾರು, ಒಳಗಿನ ಹೊಸ ವಾಸನೆ ಇನ್ನೂ ಹೋಗಿಲ್ಲ. ಅದಕ್ಕೆ ಒಂದೇ ಒಂದು ಚಾಳಿ. ಓಡುತ್ತಾ ಓಡುತ್ತಾ ಸುಮ್ಮನೆ ನಿಂತುಬಿಡುತ್ತದೆ. ಮನಸ್ಸಾದಾಗ ಮತ್ತೆ ಹೊರಡುತ್ತದೆ. ಮಾರಿಬಿಡೋಣ ಎಂದು ಅವರು, ಇನ್ನೊಂದಿಷ್ಟು ದಿನ ನೋಡೋಣ ಎಂದು ನಾನು. ನಮ್ಮ ಮನೆಯಲ್ಲಿ ಬೇರೆ ಮಾತೇ ಇಲ್ಲದ ಹಾಗಾಗಿತ್ತು.

ನಿಂಬೆಹಣ್ಣು

ಮೊದಲ ದಿನವೇ ಸೂಚನೆ ಸಿಕ್ಕಿತ್ತು. ದೇವಸ್ಥಾನದ ಮುಂದೆ ಪೂಜೆ ಮಾಡಿಸಿದೆವು. ಪೂಜಾರಿಯವರು ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು, ಕಾಯಿ ಒಡೆದು, "ಹ್ಞೂ, ಮುಂದಕ್ಕೆ ಬಿಡಿ" ಅಂದರು.

ನಾನು ಕೀ ತಿರುಗಿಸಿದೆ. ಕಾರು ಮಿಸುಕಲಿಲ್ಲ. ಇನ್ನೊಮ್ಮೆ ತಿರುಗಿಸಿದೆ. ಅತ್ತೆ ಕಣ್ಣು ಮುಚ್ಚಿಕೊಂಡು ಏನೋ ಜಪಿಸತೊಡಗಿದರು. ಹಿಂದೆ ಹೊಸ ಬೈಕಿನವರೊಬ್ಬರು ಪೂಜೆಗೆ ಕಾಯುತ್ತಿದ್ದರು.

ಪೂಜಾರಿಯವರು ಸ್ವಲ್ಪ ಹೊತ್ತು ನೋಡಿ, ಬಗ್ಗಿ, ನಾಲ್ಕು ನಿಂಬೆಹಣ್ಣನ್ನೂ ಒಂದೊಂದಾಗಿ ಎತ್ತಿಕೊಂಡು ಅತ್ತೆಯ ಸೆರಗಿಗೆ ಹಾಕಿದರು. "ಯೋಚ್ನೆ ಮಾಡಬೇಡಿ ತಾಯಿ. ಇಷ್ಟು ವರ್ಷದಲ್ಲಿ ಹಣ್ಣಿಗೆ ಏನೂ ಆಗ್ದೇ ಇರೋದು ಇದೇ ಮೊದ್ಲು. ಮನೆಗೆ ಹೋಗಿ ಚಿತ್ರಾನ್ನ ಮಾಡಿ."

ಮಾಡಿದೆವು. ಚೆನ್ನಾಗಿತ್ತು.

ಕಂಪ್ಯೂಟರ್ ಹೇಳಿದ್ದು

ಚಿಕ್ಕಬಳ್ಳಾಪುರದಲ್ಲಿ ಒಂದು ಸರ್ವೀಸ್ ಸ್ಟೇಷನ್ನಿಗೆ ತೋರಿಸಿದೆವು. ಅಲ್ಲಿಗೆ ಹೋದರೆ ನಮ್ಮ ಕಾರಿನಷ್ಟು ಸಾಧು ಇನ್ನೊಂದಿಲ್ಲ. ಆಸ್ಪತ್ರೆ ಬಾಗಿಲಲ್ಲಿ ಮಕ್ಕಳ ಜ್ವರ ಇಳಿಯುತ್ತದಲ್ಲ, ಹಾಗೆ. ಅಲ್ಲಿಯ ಹುಡುಗ ಬಹಳ ಒಳ್ಳೆಯವನು. ವೈರು ಸಿಕ್ಕಿಸಿ, ಕಂಪ್ಯೂಟರ್ ನೋಡಿ, "ಮೇಡಂ, ಇದ್ರಲ್ಲಿ ಏನೂ ಕಂಪ್ಲೇಂಟ್ ತೋರಿಸ್ತಿಲ್ಲ" ಅಂದ. ನಂದಿ ಬೆಟ್ಟದ ದಾರಿಯಲ್ಲಿ ಅಷ್ಟು ದೂರ ಓಡಿಸಿಕೊಂಡೂ ಬಂದ. ಗಾಳಿಯ ಹಾಗೆ ಓಡಿತಂತೆ.

ಸಂತೋಷದಿಂದ ಹೊರಟೆವು. ಗೇಟು ದಾಟಿತು, ನಿಂತಿತು. ಆ ಹುಡುಗ ಓಡಿ ಬಂದ. ಅವನು ಕೂತ ಕೂಡಲೇ ಹೊರಟಿತು. ಅವನು ಇಳಿದ, ನಾನು ಕೂತೆ, ಮತ್ತೆ ನಿಂತಿತು.

ಯಜಮಾನರು ಕಿಟಕಿಯಿಂದ ತಲೆ ಹೊರಗೆ ಹಾಕಿ ಸಮಾಧಾನದಿಂದಲೇ ಕೇಳಿದರು: "ಏನಪ್ಪಾ, ನಿಂಗೆ ಮದ್ವೆ ಆಗಿದ್ಯಾ? ಆಗಿಲ್ದಿದ್ರೆ ನಮ್ಮನೇಲೇ ಇದ್ದುಬಿಡು. ಮೇಲ್ಗಡೆ ರೂಮ್ ಖಾಲಿ ಇದೆ."

ಒಂದು ಬಾಟ್ಲಿ ಕ್ಯಾಲ್ಸಿಯಂ

ದಿಬ್ಬೂರಹಳ್ಳಿ ಕಡೆಯ ಒಂದು ಹಳ್ಳಿಯಿಂದ ಫೋನ್ ಬಂತು. ಕರು ಹಾಕಿದ ಹಸು ಮಲಗಿಬಿಟ್ಟಿದೆ, ಏಳುತ್ತಿಲ್ಲ. ನಾನು ಹೊರಟೆ. ಆ ಮನೆಯ ಅಂಗಳದವರೆಗೂ ಕಾರು ತಲುಪಿಸಿತು, ಅದನ್ನು ನೆನೆಯಲೇಬೇಕು. ಹಸುವಿಗೆ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಿತ್ತು. ಬಾಟಲಿ ನೇತುಹಾಕಿ ನರಕ್ಕೆ ಕೊಟ್ಟೆ. ಬಾಟಲಿ ಮುಗಿದು ಸ್ವಲ್ಪ ಹೊತ್ತಿಗೆ ಹಸು ಮೈ ಕೊಡವಿ ಎದ್ದು ನಿಂತಿತು. ಮನೆಯವರ ಕಣ್ಣಲ್ಲಿ ನೀರು. ಆ ಮನೆಯ ಅಜ್ಜಿ ನನ್ನ ಕೆನ್ನೆ ಸವರಿ ನೆಟಿಕೆ ಮುರಿದರು.

ಕಾಫಿ ಕುಡಿದು ಕಾರು ಹತ್ತಿದೆ. ಅದರದು ಸದ್ದೇ ಇಲ್ಲ.

ಮನೆಯವರೆಲ್ಲ ಸುತ್ತ ನಿಂತರು. ಅಜ್ಜಿ ಬಾನೆಟ್ಟಿನ ಮೇಲೆ ಕೈಯಿಟ್ಟು, "ಏಮ್ಮಾ, ಕೊತ್ತ ಬಂಡೀನೇ ಕದಾ?" ಅಂದರು. ಹೊಸ ಗಾಡಿಯೇ ಅಲ್ಲವಾ ಎಂದು.

"ಹೊಸದೇ ಅಜ್ಜಿ. ಹಿಂಗೇ ಮಲಗಿಬಿಡುತ್ತೆ."

ಅಜ್ಜಿ ಹಸುವನ್ನು ನೋಡಿದರು, ಕಾರನ್ನು ನೋಡಿದರು, ನನ್ನ ಬ್ಯಾಗನ್ನು ನೋಡಿದರು. "ಅದಕ್ಕೆ ಹಾಕಿದ್ರಲ್ಲ ಡಾಕ್ಟ್ರಮ್ಮ, ಇದಕ್ಕೂ ಒಂದು ಬಾಟ್ಲಿ ಹಾಕಬಾರದಾ?"

ನನ್ನನ್ನು ಅವರ ಮಗ ಬೈಕಿನಲ್ಲಿ ಮನೆಗೆ ಬಿಟ್ಟರು. ಮಾರನೆ ದಿನ ಕಾರು ತರಲು ಹೋದಾಗ ಅದರ ಮುಂದೆ ಒಂದು ಹೊರೆ ಹಸಿಹುಲ್ಲು ಇತ್ತು. ಅಜ್ಜಿ ತಮಾಷೆಗೆ ಹಾಕಿದ್ದರೋ ನಿಜವಾಗಿಯೋ, ಇವತ್ತಿಗೂ ಕೇಳಿಲ್ಲ. ಕೀ ತಿರುಗಿಸಿದ ಕೂಡಲೇ ಹೊರಟಿತು ಎಂಬುದಂತೂ ನಿಜ.

ಗೂಡಿನ ಮಾರ್ಕೆಟ್ ರಸ್ತೆ

ಶಿಡ್ಲಘಟ್ಟದಲ್ಲಿ ಬೆಳಿಗ್ಗೆ ರೇಷ್ಮೆಗೂಡಿನ ಮಾರ್ಕೆಟ್ಟಿನ ರಸ್ತೆಯಲ್ಲಿ ಗಾಡಿ ನಿಲ್ಲಿಸಬಾರದು. ಗೂಡು ತುಂಬಿದ ಆಟೋ, ಟೆಂಪೋ ಒಂದರ ಹಿಂದೊಂದು ಬರುತ್ತಿರುತ್ತವೆ, ಹರಾಜಿನ ಹೊತ್ತು ಯಾರಿಗೂ ಕಾಯುವುದಿಲ್ಲ. ನಮ್ಮ ಕಾರು ಅಲ್ಲೇ, ನಟ್ಟನಡುವೆ ನಿಂತಿತು. ಹಿಂದಿನಿಂದ ಹಾರ್ನುಗಳ ಸುರಿಮಳೆ. ನನಗೆ ಅಳು ಬರುವುದೊಂದು ಬಾಕಿ.

ಅಷ್ಟರಲ್ಲಿ ಟೀ ಅಂಗಡಿಯಿಂದ ನೂಲು ಬಿಚ್ಚುವ ಘಟಕದ ಸಾಹೇಬರೊಬ್ಬರು ಎದ್ದು ಬಂದರು, ಅವರ ಹಿಂದೆ ನಾಲ್ಕು ಜನ. "ಅಮ್ಮಾ, ನೀವು ಸ್ಟೀರಿಂಗ್ ಹಿಡ್ಕೊಳಿ, ಬಾಕಿದು ನಾವು ನೋಡ್ಕೊಂತೀವಿ" ಎಂದು ತಳ್ಳಿ ಪಕ್ಕಕ್ಕೆ ಹಾಕಿದರು. ಒಬ್ಬರೂ ಒಂದು ಮಾತು ಆಡಿಕೊಳ್ಳಲಿಲ್ಲ. ನನಗೂ ಟೀ ತರಿಸಿದರು.

ಆಮೇಲೆ ಅದೇ ಜಾಗದಲ್ಲಿ ಇನ್ನೂ ಕೆಲವು ಸಲ ನಿಂತಿತು. ಅವರಿಗೂ ಅಭ್ಯಾಸವಾಯಿತು. ದೂರದಲ್ಲಿ ನಮ್ಮ ಕಾರು ಕಂಡರೆ ಸಾಕು, ಲೋಟ ಕೆಳಗಿಟ್ಟು, ತೋಳು ಮಡಿಸಿ ಎದ್ದು ನಿಲ್ಲುತ್ತಿದ್ದರು. ಒಂದು ದಿನ ಕಾರು ನಿಲ್ಲದೆ ನೇರ ಹೋಯಿತು. ಸಂಜೆ ಸಾಹೇಬರು ಸಿಕ್ಕಿ ಬೇಜಾರಿನಿಂದ ಕೇಳಿದರು: "ಏನಮ್ಮಾ, ನಮ್ಮಿಂದ ಏನಾದ್ರೂ ತಪ್ಪಾಯ್ತಾ? ಬೆಳಿಗ್ಗೆ ನಿಲ್ಲಿಸ್ಲೇ ಇಲ್ಲ."

ಗಿರಾಕಿ

ಒಂದು ಮಳೆಯಲ್ಲಿ ಕಾರು ಕೈಕೊಟ್ಟು ಯಜಮಾನರು ತೊಪ್ಪೆಯಾಗಿ ಮನೆಗೆ ಬಂದ ದಿನ ನಾನೂ ಸೋತೆ. ಕಾರಿನ ಫೋಟೋ ತೆಗೆದು ಮಾರಾಟಕ್ಕಿದೆ ಎಂದು ಫೋನಿನಲ್ಲಿ ಹಾಕಿದೆವು. ತೊಂಡೇಬಾವಿಯ ರೈತರೊಬ್ಬರು ಕರೆ ಮಾಡಿದರು. ಮಗಳು ನರ್ಸ್, ಡ್ರೈವಿಂಗ್ ಕಲಿತಿದ್ದಾಳೆ, ಅವಳಿಗೆ ಬೇಕು ಎಂದರು.

ನಾನು ಮೊದಲೇ ಹೇಳಿಬಿಟ್ಟೆ. "ಅಣ್ಣಾ, ಇದು ಆಗಾಗ ದಾರೀಲಿ ನಿಲ್ಲುತ್ತೆ."

"ನಾನೂ ನಿಲ್ತೀನಿ ಬಿಡ್ರಮ್ಮ, ಮಂಡಿ ನೋವು" ಅಂದರು.

ಗೌರಿಬಿದನೂರಿನಲ್ಲಿ ಭೇಟಿಯಾಗಿ ಅಲ್ಲಿಂದ ಅವರ ಊರಿನ ತನಕ ಓಡಿಸಿ ನೋಡುವುದೆಂದಾಯಿತು. ಮಗಳು ಸ್ಟೀರಿಂಗ್ ಹಿಡಿದಳು, ಅಪ್ಪ ಪಕ್ಕದಲ್ಲಿ, ನಾವಿಬ್ಬರೂ ಹಿಂದೆ. ಹುಡುಗಿ ಚೆನ್ನಾಗಿ ಓಡಿಸುತ್ತಿದ್ದಳು. ಕಾರೂ ಬೆಣ್ಣೆಯ ಹಾಗೆ ಹೋಗುತ್ತಿತ್ತು. ಅಪ್ಪ ಹಿಂದಕ್ಕೆ ತಿರುಗಿ, "ಇಷ್ಟು ಒಳ್ಳೇ ಗಾಡಿ ಮೇಲೆ ಯಾಕಮ್ಮ ಇಲ್ಲದ್ದು ಹೇಳಿದ್ರಿ?" ಎಂದು ಕೇಳುತ್ತಿದ್ದ ಹಾಗೆಯೇ ನಿಂತಿತು.

ನಿಂತದ್ದು ರಸ್ತೆ ಬದಿಯ ಒಂದು ಸಸಿ ನರ್ಸರಿಯ ಮುಂದೆ. ಒಳಗಿಂದ ಒಬ್ಬ ಯುವಕ ಮಣ್ಣಿನ ಕೈ ಒರೆಸಿಕೊಂಡು ಬಂದ, ಹಿಂದೆಯೇ ಅವನ ತಾಯಿ. "ಬಿಸಿಲಲ್ಲಿ ಯಾಕೆ ನಿಂತಿದ್ದೀರಾ, ಬನ್ನಿ" ಎಂದು ತಾಯಿ ನಮ್ಮನ್ನು ನೆರಳಿಗೆ ಕರೆದು ಮಜ್ಜಿಗೆ ಕೊಟ್ಟರು. ಯುವಕ ಬಾನೆಟ್ ಎತ್ತಿದ. ಹುಡುಗಿ ಪಕ್ಕದಲ್ಲಿ ನಿಂತು ಮೊಬೈಲಿನ ಟಾರ್ಚ್ ಹಿಡಿದಳು. ಆ ಉರಿಬಿಸಿಲಿನಲ್ಲಿ ಟಾರ್ಚ್ ಯಾಕೆ ಎಂದು ಯಾರೂ ಕೇಳಲಿಲ್ಲ.

ನೆರಳಿನಲ್ಲಿ ಮಾತು ಬೆಳೆಯಿತು. ಯಾವೂರು, ಯಾರ ಕಡೆಯವರು, ಅಕ್ಕನನ್ನು ಎಲ್ಲಿಗೆ ಕೊಟ್ಟಿದೆ. ಆ ತಾಯಿಯ ಚಿಕ್ಕಪ್ಪ ಈ ರೈತರ ಭಾವನಿಗೆ ಬೀಗರೆಂದು ಹೊರಬಿತ್ತು. ತಾಯಿ ಎದ್ದು ಒಲೆ ಹಚ್ಚಿ ಮುದ್ದೆಗೆ ನೀರಿಟ್ಟರು. ಊಟ ಮುಗಿಸಿ ಹೊರಗೆ ಬಂದು ನೋಡಿದರೆ ಬಾನೆಟ್ ಇನ್ನೂ ಎತ್ತಿಯೇ ಇತ್ತು. ಎಂಜಿನ್ ಯಾವಾಗಲೋ ಚಾಲೂ ಆಗಿ ಓಡುತ್ತಿತ್ತು, ಅದು ಅಲ್ಲೇ ಮಾತಾಡುತ್ತಾ ನಿಂತಿದ್ದ ಹುಡುಗ-ಹುಡುಗಿಗೆ ಗೊತ್ತಾದ ಹಾಗಿರಲಿಲ್ಲ.

ಸಂಜೆ ಅಪ್ಪ-ಮಗಳನ್ನು ಅವರ ಮನೆಗೆ ಬಿಟ್ಟೆವು. ಕಾರಿನ ವಿಷಯ ಅವರು ಎತ್ತಲಿಲ್ಲ, ನಾವೂ ಕೇಳಲಿಲ್ಲ. ವಾಪಸ್ಸು ಬರುವಾಗ ನರ್ಸರಿಯ ಮುಂದೆ ಹಾದಾಗ ಯಜಮಾನರು ತಿರುಗಿ ನೋಡಿದರು. ಆಮೇಲೆ, "ಇದು ನಿಲ್ದೇ ಇದ್ದಿದ್ರೆ ಇವರ್ಯಾರೂ ನಮಗೆ ಗೊತ್ತೇ ಇರ್ತಿರಲಿಲ್ಲ ಅಲ್ವಾ" ಅಂದರು.

"ಹೌದು ರೀ."

"ಆ ಫೋಟೋ ತೆಗೆದುಬಿಡ್ಲಾ?"

"ತೆಗೀರಿ" ಅಂದೆ. ನನಗೂ ಅಷ್ಟೇ ಬೇಕಿತ್ತು.

ಕೆಲವು ವಾರಗಳ ನಂತರ ತೊಂಡೇಬಾವಿಯಿಂದ ಫೋನ್ ಬಂತು. "ಡಾಕ್ಟ್ರಮ್ಮ, ಕಾರು ನೋಡೋಕೆ ಬಂದೋನು ಅಳಿಯನ್ನ ನೋಡ್ಕೊಂಡು ಬಂದೆ. ಮದುವೆ ಗೊತ್ತಾಯ್ತು. ನೀವಿಬ್ಬರೂ ಇಲ್ದೆ ಆಗೋದಿಲ್ಲ."

ಖಂಡಿತ ಬರುತ್ತೇವೆ ಎಂದೆ.

"ಮಕ್ಕಳಿಬ್ಬರಿಗೂ ಆ ಕಾರಿನ ಮುಂದೆ ನಿಂತು ಫೋಟೋ ತೆಗೆಸ್ಕೊಬೇಕಂತೆ, ಅದೂ ಬರಲೇಬೇಕು" ಅಂದವರು ಸ್ವಲ್ಪ ತಡೆದು, ಸಂಕೋಚದಿಂದ ಮುಂದುವರಿಸಿದರು. "ತಪ್ಪು ತಿಳ್ಕೋಬೇಡಿ ತಾಯಿ. ಮುಹೂರ್ತ ಬೆಳಿಗ್ಗೆ ಬೇಗ ಇದೆ. ಕಾರನ್ನ ಎರಡು ದಿನ ಮುಂಚೆನೇ ಹೊರಡಿಸಿಬಿಡಿ. ನೀವು ಬಸ್ಸಲ್ಲಿ ಬನ್ನಿ."