ಹಳದಿ ಗ್ಯಾಲರಿಯಲ್ಲಿ ನೀಲಿ ಸೀರೆ

ನನ್ನ ಗಂಡ ಮೂಗರಲ್ಲ. ಎತ್ತಿನ ಜೊತೆ ಮಾತಾಡುತ್ತಾರೆ, ಹಸುವಿನ ಜೊತೆ ಮಾತಾಡುತ್ತಾರೆ, ಗದ್ದೆಗೆ ನುಗ್ಗುವ ಆನೆಯ ಜೊತೆಗಂತೂ ದಾಯಾದಿಯ ಹಾಗೆ ಜಗಳವಾಡುತ್ತಾರೆ. ನನ್ನ ಸರದಿ ಬಂದಾಗ ಮಾತ್ರ ಮಾತು ಮುಗಿದಿರುತ್ತದೆ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರಲ್ಲ, ಆ ಲೆಕ್ಕದಲ್ಲಿ ನಮ್ಮ ಮನೆಯಲ್ಲೊಂದು ಬಂಗಾರದ ಅಂಗಡಿಯನ್ನೇ ತೆರೆಯಬಹುದು. (ನನ್ನ ಕೊರಳಲ್ಲಿರುವುದು ಮಾತ್ರ ಒಂದೇ ಒಂದು ತೆಳ್ಳನೆಯ ಸರ.)

ಅವರ ಹೆಸರು ಮಣಿಕಂಠನ್, ನಾನು ಕರೆಯುವುದು ಮಣಿಯೇಟ್ಟ ಎಂದು. ಊರು ಚೇಕಾಡಿ. ಸುತ್ತ ಕಾಡು, ನಡುವೆ ಗದ್ದೆ, ಕಾಡು ದಾಟಿದರೆ ಕರ್ನಾಟಕ. ನಮ್ಮದು ಮನೆಯೊಳಗೆ ಕನ್ನಡ, ಹೊರಗೆ ಮಲಯಾಳ, ಸಿಟ್ಟು ಬಂದಾಗ ಎರಡೂ. ನಾನು ಬಿ.ಎ. ಮುಗಿಸಿ ಮದುವೆಯಾಗಿ ಆ ಮನೆಗೆ ಬಂದ ಮರುವರ್ಷ ನನಗೆ ಕೋಝಿಕ್ಕೋಡಿನಲ್ಲಿ ಎಂ.ಎ. ಅರ್ಥಶಾಸ್ತ್ರಕ್ಕೆ ಸೀಟು ಸಿಕ್ಕಿತು. ಹೋಗಬೇಕೆಂಬ ಆಸೆ ನನಗೆ ಬೆಟ್ಟದಷ್ಟಿತ್ತು. ಆದರೆ ಗಂಡನಾದವನು ಒಂದು ಸಲ ತಡೆಯಲಿ ಎಂಬ ಆಸೆಯೂ ಒಂದು ಸೇರಿನಷ್ಟಿತ್ತು, ಸುಳ್ಳೇಕೆ ಹೇಳಲಿ. ‘ನೀನು ಹೋದರೆ ನಾನೇನು ಮಾಡಲಿ’ ಎಂದು ಅವರು ಕೇಳಬೇಕು, ನಾನು ಕಣ್ಣೊರೆಸಿಕೊಂಡು ಸಮಾಧಾನ ಹೇಳಬೇಕು, ಆಮೇಲೆ ಹೇಗಿದ್ದರೂ ಹೋಗುವುದೇ. ಇಷ್ಟು ಸಣ್ಣ ನಾಟಕಕ್ಕೂ ಆ ಮನುಷ್ಯ ಬಣ್ಣ ಹಚ್ಚಲಿಲ್ಲ. ಸುದ್ದಿ ಕೇಳಿ, ‘ಒಳ್ಳೇದಾಯ್ತು’ ಎಂದು ಹೇಳಿ, ಗುದ್ದಲಿ ಹೆಗಲಿಗೇರಿಸಿಕೊಂಡು ಗದ್ದೆಗೆ ಹೋದರು.

ನಾನು ಪೆಟ್ಟಿಗೆಯ ತುಂಬ ಮುನಿಸು ತುಂಬಿಕೊಂಡು ಘಾಟಿ ಇಳಿದೆ.

ಕೋಝಿಕ್ಕೋಡಿನಲ್ಲಿ ಹೊಸಬರನ್ನು ಊರು ಯಾವುದು, ಮನೆತನ ಯಾವುದು ಎಂದು ಯಾರೂ ಕೇಳುವುದಿಲ್ಲ. ಫುಟ್‌ಬಾಲಿನಲ್ಲಿ ಯಾವ ತಂಡ ಎಂದು ಕೇಳುತ್ತಾರೆ. ಆಟೋದವನು ಕೇಳಿದ, ಮೀನಿನವನು ಕೇಳಿದ, ಕಾಲೇಜಿನ ಗುಮಾಸ್ತರು ನನ್ನ ಫೋಟೊಗೆ ಮೊಹರು ಒತ್ತುತ್ತಾ ಕೇಳಿದರು. ನಮ್ಮ ಊರಿನಲ್ಲಿ ಕಾಲಿನಿಂದ ಒದೆಯುವ ವಿದ್ಯೆಯಲ್ಲಿ ಪಳಗಿದ್ದು ಕರು ಹಾಕಿದ ಹಸು ಮಾತ್ರ. ನಾನು ನಕ್ಕುಬಿಟ್ಟೆ. ನಗುವುದು ಅಲ್ಲಿ ದೊಡ್ಡ ತಪ್ಪು. ಇವಳು ಎದುರು ತಂಡದವಳು ಎಂದುಕೊಳ್ಳುತ್ತಾರೆ.

ನಾನು ಊಟ ವಸತಿಗೆ ಸೇರಿಕೊಂಡದ್ದು ಶೈಲಜೇಚ್ಚಿಯ ಮನೆಯಲ್ಲಿ. ಚೇಚ್ಚಿ ಅಂದರೆ ಅಕ್ಕ. ಗಂಡ ತೀರಿಕೊಂಡು ಬಹಳ ಕಾಲವಾಗಿದೆ. ಈಗ ಆಕೆಗೆ ಹಳದಿ ಅಂಗಿಯ ಊರ ತಂಡವೇ ಗಂಡ, ಅದೇ ಮಕ್ಕಳು, ಅದೇ ಮನೆದೇವರು. ತಂಡ ಗೆದ್ದರೆ ರಾತ್ರಿಗೆ ನೈಚೋರು ಎಂಬ ತುಪ್ಪದನ್ನ, ಕೋಳಿ ಸಾರು. ಡ್ರಾ ಆದರೆ ಅನ್ನ, ಸಾಂಬಾರು. ಸೋತರೆ ಒಲೆ ಹಚ್ಚುವ ಮಾತೇ ಇಲ್ಲ, ಮಧ್ಯಾಹ್ನದ ಗಂಜಿಗೆ ನೀರು ಬೆರೆಸಿ ಉಪ್ಪಿನಕಾಯಿ ಕೊಡುತ್ತಾಳೆ. ಹಿಂದಿನ ಬಾಡಿಗೆಯ ಹುಡುಗಿ ಒಂದೇ ಸೀಸನ್ನಿಗೆ ತೂಕದಲ್ಲಿ ಅರ್ಧಕ್ಕರ್ಧ ಇಳಿದು ಊರಿಗೆ ಹೋದಳಂತೆ.

ಮೊದಲ ವಾರದಲ್ಲೇ ಎಡವಟ್ಟಾಯಿತು. ನಮ್ಮ ಚೇಕಾಡಿಯಲ್ಲಿ ಒಂದು ಕಟ್ಟಳೆ ಇದೆ. ಸಂಜೆ ಹೊತ್ತಿಗೆ ಪಟಾಕಿ ಸಿಡಿಯಿತೋ, ಗದ್ದೆಗೆ ಆನೆ ಇಳಿದಿದೆ ಎಂದೇ ಅರ್ಥ. ಒಲೆಯ ಮೇಲೆ ಹಾಲಿರಲಿ, ಮೈಗೆ ಎಣ್ಣೆ ಹಚ್ಚಿರಲಿ, ಕೈಗೆ ಸಿಕ್ಕ ತಟ್ಟೆಯನ್ನೋ ತಗಡನ್ನೋ ಹಿಡಿದು ಅಂಗಳಕ್ಕೆ ಓಡಿ ಬಡಿಯಬೇಕು, ‘ಹೋ ಹೋಯ್’ ಎಂದು ಗಂಟಲು ಹರಿಯುವ ಹಾಗೆ ಕೂಗಬೇಕು. ಯಾಕೆ ಏನು ಎಂದು ಕೇಳುವ ಹಾಗಿಲ್ಲ. ಕೇಳುತ್ತ ನಿಂತರೆ ಆ ವರ್ಷದ ಅನ್ನ ಆನೆಯ ಹೊಟ್ಟೆಗೆ.

ಆ ಸಂಜೆ ನಾನು ಕೋಣೆಯಲ್ಲಿ ಕೂತು ಬೇಡಿಕೆ ಮತ್ತು ಪೂರೈಕೆಯ ಸಿದ್ಧಾಂತ ಓದುತ್ತಿದ್ದೆ. (ನನ್ನ ಬಾಳಿನಲ್ಲಿ ಬೇಡಿಕೆ ಒಂದು ಕಡೆ ಇತ್ತು, ಪೂರೈಕೆ ಇನ್ನೊಂದು ಕಡೆ ಬಾಯಿ ಮುಚ್ಚಿಕೊಂಡು ಗದ್ದೆ ಕಾಯುತ್ತಿತ್ತು.) ಕಿಟಕಿಯ ಹೊರಗೆ ಢಮಾರ್ ಎಂದು ಪಟಾಕಿ ಸಿಡಿಯಿತು, ಗುಂಪು ಕೂಗಿತು. ಅಷ್ಟೇ, ನಾನು ಎಂ.ಎ. ವಿದ್ಯಾರ್ಥಿನಿ ಎಂಬುದೇ ಮರೆತುಹೋಯಿತು. ಅಡುಗೆಮನೆಯಿಂದ ಸ್ಟೀಲ್ ತಟ್ಟೆ, ಸೌಟು ಎಳೆದುಕೊಂಡು ತಾರಸಿಗೆ ಓಡಿ ಬಡಿದೆ ನೋಡಿ, ಹೋ ಹೋಯ್ ಎಂದು ಕೂಗಿದೆ ನೋಡಿ, ಓಣಿಗೆ ಓಣಿಯೇ ಸ್ತಬ್ಧವಾಯಿತು. ಆಗ ನೆನಪಾಯಿತು, ಈ ಊರಿನಲ್ಲಿ ಆನೆ ಇಲ್ಲ.

ನಡೆದದ್ದು ಇಷ್ಟು. ಎದುರು ಮನೆಯವರು ಬೇರೆ ತಂಡದ ಅಭಿಮಾನಿಗಳು. ತಮ್ಮ ತಂಡ ಗೋಲು ಹೊಡೆಯಿತೆಂದು ಪಟಾಕಿ ಹಚ್ಚಿದ್ದರು. ಅದಕ್ಕೆ ಉತ್ತರವಾಗಿ ಶೈಲಜೇಚ್ಚಿಯ ಮನೆಯ ಹೊಸ ಹುಡುಗಿ ತಾರಸಿಯೇರಿ ರಣಕಹಳೆ ಊದಿದಳು ಎಂದು ಊರು ತಿಳಿಯಿತು. ಶೈಲಜೇಚ್ಚಿ ಮೆಟ್ಟಿಲು ಹತ್ತಿ ಬಂದು ನನ್ನ ತಲೆ ನೇವರಿಸಿ, ‘ಮೋಳೆ, ನನ್ನ ಮಗಳೇ, ಇಂಥ ಒಬ್ಬಳಿಗಾಗಿಯೇ ನಾನು ಕಾದಿದ್ದೆ’ ಎಂದಳು. ಆನೆಯ ವಿಷಯ ಹೇಳಲು ನನಗೆ ಬಾಯಿ ಬರಲಿಲ್ಲ. ಆ ರಾತ್ರಿ ತಂಡ ಸೋತಿದ್ದರೂ ನನ್ನ ತಟ್ಟೆಯಲ್ಲಿ ಮಾತ್ರ ಹುರಿದ ಮೀನಿತ್ತು. ಅಂದಿನಿಂದ ಸ್ಟೇಡಿಯಮ್ಮಿನಲ್ಲಿ ಅವಳ ಪಕ್ಕದ ಕುರ್ಚಿ ನನ್ನದೆಂದು ತೀರ್ಮಾನವೂ ಆಯಿತು.

ನನಗೆ ಸ್ಟೇಡಿಯಂ ಬೇಕಿರಲಿಲ್ಲ. ನನಗೆ ಬೇಕಿದ್ದದ್ದು ಫೋನಿನ ಆ ತುದಿಯಿಂದ ‘ಬಾ’ ಎಂಬ ಒಂದು ಮಾತು. ದಿನಾ ಸಂಜೆ ಫೋನು ಬರುತ್ತಿತ್ತು, ಅದಕ್ಕೇನೂ ತಪ್ಪಿಲ್ಲ. ಉಂಡ್ಯಾ ಎನ್ನುವರು. ಉಂಡೆ ಎನ್ನುವೆ. ಮೇಲಿನ ಗದ್ದೆ ಹೂವಾಯಿತು ಎನ್ನುವರು. ಹಂದಿ ಬಂದಿತ್ತು ಎನ್ನುವರು. ಆಮೇಲೆ ಇಬ್ಬರೂ ಉಸಿರಾಡುತ್ತಾ ಇರುವುದು. ಆ ಉಸಿರಿನ ಹಿಂದೆ ಕಪ್ಪೆಗಳು ವಟಗುಟ್ಟುವುದು, ಅತ್ತೆ ಕೌಸಲ್ಯ ಹಸುವಿಗೆ ಬೈಯುವುದು ಕೇಳುತ್ತಿತ್ತು. ನಮ್ಮ ಗದ್ದೆಯ ಗಂಧಕಶಾಲೆ ತಳಿಯ ಹೊಸ ಅಕ್ಕಿ ಬೇಯುವಾಗ ಮನೆಯೆಲ್ಲ ಪರಿಮಳ ಹಬ್ಬುತ್ತದಲ್ಲ, ಅದು ಫೋನಿನಲ್ಲಿ ಬರುವುದಿಲ್ಲ. ಆದರೂ ನನ್ನ ಮೂಗಿಗೆ ಬರುತ್ತಿತ್ತು. ‘ಫೋನು ಇಡ್ಲಾ’ ಎಂದು ಕೇಳಿ ಅವರು ಇಟ್ಟುಬಿಡುವರು. ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅಳುತ್ತಿದ್ದೆ. ಅಷ್ಟು ನೆನಪಾಗುತ್ತಿತ್ತು ಆ ಮನುಷ್ಯನದು. ಪರೀಕ್ಷೆ, ಸೆಮಿನಾರು, ಗ್ರಂಥಾಲಯ ಎಂದು ನಾನು ಹೆಣಗಿದ್ದೆಲ್ಲ ನಿಜ. ಆದರೆ ಪುಸ್ತಕ ತೆರೆದಾಗಲೆಲ್ಲ ಕಾಣುತ್ತಿದ್ದದ್ದು ಕೆಸರು ಮೆತ್ತಿದ ಎರಡು ಕಾಲು.

ಆಗ ನನಗೊಂದು ಮಹೋನ್ನತ ಉಪಾಯ ಹೊಳೆಯಿತು. ಭಾನುವಾರ ನಾನು ಫುಟ್‌ಬಾಲ್ ನೋಡಲು ಹೋಗುತ್ತೇನೆ, ಸಾವಿರಾರು ಗಂಡಸರ ನಡುವೆ ಕೂರುತ್ತೇನೆ ಎಂದು ಫೋನಿನಲ್ಲಿ ಹೇಳುವುದು. ಎಂಥ ಕಲ್ಲೂ ಕರಗಿ, ಬೇಡ ನೀತು, ಅದರ ಬದಲು ಮನೆಗೆ ಬಾ ಅನ್ನಲೇಬೇಕು. ಹೇಳಿದೆ. ಟಿವಿಯಲ್ಲೂ ಬರುತ್ತದಂತೆ ಎಂದು ಒಗ್ಗರಣೆಯನ್ನೂ ಹಾಕಿದೆ. ಆ ಕಡೆ ಸ್ವಲ್ಪ ಹೊತ್ತು ಕಪ್ಪೆಗಳು ಮಾತಾಡಿದವು.

‘ಯಾವ ಚಾನಲ್ಲು?’ ಎಂದರು.

ಬಾ ಅನ್ನಲಿಲ್ಲ, ನಿಜ. ಆದರೆ ಯೋಚಿಸಿ ನೋಡಿ, ಅತ್ತೆಯ ಧಾರಾವಾಹಿ ಬಿಟ್ಟರೆ ಬೇರೇನೂ ಕಾಣದ ಟಿವಿಯ ಮುಂದೆ, ನನ್ನ ಮುಖ ಹುಡುಕಲು ಕೂರುತ್ತಾರೆ ನನ್ನ ಗಂಡ. ನನ್ನ ಎದೆ ಹಗುರವಾಯಿತು. ಆ ಜನಸಾಗರದಲ್ಲಿ ಅವರಿಗೆ ಗುರುತು ಸಿಗಬೇಕಲ್ಲ, ಅದಕ್ಕೆ ಮದುವೆಗೆಂದು ಅವರೇ ಮೈಸೂರಿನಿಂದ ತಂದಿದ್ದ ಕಡುನೀಲಿ ಸೀರೆಯನ್ನು ಉಟ್ಟೆ.

ಗ್ಯಾಲರಿ ತುಂಬ ಹಳದಿ. ನೆಲ ಹಳದಿ, ಜನ ಹಳದಿ, ಮಕ್ಕಳ ಮುಖ ಹಳದಿ. ಅರಿಶಿನದ ಮೂಟೆಯೊಳಗೆ ಬಿದ್ದ ನೇರಳೆಹಣ್ಣಿನ ಹಾಗೆ ನಾನೊಬ್ಬಳು. ಆ ದಿನದ ಎದುರು ತಂಡದ ಬಣ್ಣ ನೀಲಿ ಎಂದು ನನಗೇನು ಗೊತ್ತು? ಹಿಂದಿನ ಸಾಲಿನವರು ಮೊದಲು ಕೆಮ್ಮಿದರು, ಆಮೇಲೆ ಸೀಟಿ ಊದಿದರು, ಆಮೇಲೆ ನನ್ನ ಮುಂದಿನ ಮೂರು ತಲೆಮಾರನ್ನು ಬೈದರು. ಶೈಲಜೇಚ್ಚಿ ತನ್ನ ಹಳದಿ ಶಾಲನ್ನು ನನಗೆ ಸುತ್ತಲು ಬಂದಳು. ನಾನು ಬಿಡಲಿಲ್ಲ. ಟಿವಿಯ ಮುಂದೆ ಕೂತ ಗಂಡನಿಗೆ ನಾನು ಕಾಣಬೇಡವೇ? ನಾವು ಎಳೆದಾಡುತ್ತಿದ್ದಾಗಲೇ ಕ್ಯಾಮೆರಾದವನಿಗೆ ಆ ನೀಲಿ ಚುಕ್ಕೆ ಕಂಡಿರಬೇಕು. ಎದುರಿನ ದೊಡ್ಡ ಪರದೆಯ ತುಂಬ ನಾನೇ ಮೂಡಿದೆ, ಸೆರಗು ಒಂದು ಕಡೆ, ಶೈಲಜೇಚ್ಚಿ ಇನ್ನೊಂದು ಕಡೆ. ನಾನು ಕೈ ಬೀಸಿದೆ. ಅದೇ ಗಳಿಗೆಗೆ ನಮ್ಮವರು ಗೋಲು ಹೊಡೆದರು, ಗೆದ್ದೂಬಿಟ್ಟರು.

ಮನೆಗೆ ಬಂದ ಮೇಲೆ ಫೋನು ಬಂತು. ಕಂಡಿರಾ ಎಂದು ಕೇಳಿದೆ. ಕಂಡೆ ಎಂದರು. ಏನನ್ನಿಸಿತು ಎಂದು ನಾಚಿಕೆ ಬಿಟ್ಟು ಕೇಳಿದೆ.

‘ಬಡವಾಗಿದೀಯೆ’ ಎಂದರು.

ನಗಬೇಡಿ. ಅದು ನನ್ನ ಗಂಡನ ಲೆಕ್ಕದಲ್ಲಿ ಒಂದು ಮಹಾಕಾವ್ಯ. ಅದನ್ನೇ ಮೆಲುಕು ಹಾಕುತ್ತಾ ನಾನು ಒಂದು ವಾರ ಕಳೆದೆ.

ಅಲ್ಲಿಂದ ಮುಂದೆ ನನ್ನ ಪಾಡು ನಾಯಿಪಾಡಾಯಿತು. ಗೆದ್ದ ದಿನ ಉಟ್ಟ ಬಟ್ಟೆಯನ್ನು ಬದಲಿಸಬಾರದು, ಒಗೆಯಲೂ ಬಾರದು ಎಂಬುದು ಆ ಊರಿನ ಧರ್ಮಶಾಸ್ತ್ರವಂತೆ. ಬೈದಿದ್ದ ಹಿಂದಿನ ಸಾಲಿನವರೇ ಈಗ ‘ನೀಲಿ ಸೀರೆ ಬಂತಾ’ ಎಂದು ವಿಚಾರಿಸಿಕೊಂಡು ಕೂರತೊಡಗಿದರು. ಮಂಗಳಾರತಿ ತಟ್ಟೆಯ ಹಾಗೆ ನನ್ನನ್ನು ಗೇಟಿನಿಂದ ಕುರ್ಚಿಯವರೆಗೆ ದಾರಿ ಬಿಟ್ಟು ಒಯ್ಯುತ್ತಿದ್ದರು. ಆ ಸೀರೆಯೋ, ಬೆವರಿಗೆ ತಾನಾಗಿಯೇ ನಿಲ್ಲುವ ಸ್ಥಿತಿಗೆ ಬಂದಿತ್ತು. ಆಟದ ಆಚೆ ನನ್ನ ಇಂಟರ್ನಲ್ ಅಂಕ ಮುಗ್ಗರಿಸಿತು, ಸೆಮಿನಾರ್ ಪ್ರಬಂಧ ಎರಡು ಸಲ ವಾಪಸು ಬಂತು. ಮೇಡಂ ಕರೆದು ಬೈದರು. ಬೈದು ಮುಗಿಸಿ, ಮುಂದಿನ ಆಟಕ್ಕೂ ಹೋಗುತ್ತೀ ತಾನೇ ಎಂದು ಮೆಲ್ಲಗೆ ಕೇಳಿದರು.

ಇದೆಲ್ಲ ನಾನು ಯಾರಿಗಾಗಿ ಸಹಿಸಿದೆ? ಫೋನಿನ ಆ ತುದಿಗಾಗಿ. ಈಗ ಅವರೇ ಮುಂಚಿತವಾಗಿ ಕೇಳುತ್ತಿದ್ದರು, ಶುಕ್ರವಾರ ಹೋಗ್ತೀಯಲ್ಲ ಎಂದು. ‘ಅದೇ ಸೀರೆ ಉಡು’ ಎಂದೂ ಒಂದು ದಿನ ಹೇಳಿದರು. ತಾವು ತಂದ ಸೀರೆಯ ಮೇಲೆ ಎಷ್ಟು ಮಮತೆ ಎಂದು ನನ್ನ ಕಣ್ಣು ತುಂಬಿತು. ಶೈಲಜೇಚ್ಚಿಗೆ ಹೇಳಿದಾಗ ಅವಳ ಕಣ್ಣೂ ತುಂಬಿತು, ಅವಳಂತೂ ತನ್ನ ಗಂಡ ಸತ್ತ ಮೇಲೆ ಫುಟ್‌ಬಾಲಿಗೆ ಸಂಬಂಧವಿಲ್ಲದ ವಿಷಯಕ್ಕೆ ಅತ್ತದ್ದು ಅದೇ ಮೊದಲಂತೆ.

ಕುಯ್ಲಿನ ಹೊತ್ತಿಗೆ ಕಾಲೇಜಿಗೆ ರಜೆ ಬಂತು. ರಜೆಯ ಮೊದಲ ದಿನವೇ ಆಟವಿತ್ತು. ಶೈಲಜೇಚ್ಚಿ ಗೇಟಿಗೆ ಅಡ್ಡ ನಿಂತಳು. ಆದರೆ ನನಗೆ ತಡೆಯಲಾಗಲಿಲ್ಲ. ಎಷ್ಟು ದಿನ ಅಂತ ಆ ಪಾಪದ ಮನುಷ್ಯ ಗಾಜಿನ ಪೆಟ್ಟಿಗೆಯೊಳಗೆ ಹೆಂಡತಿಯನ್ನು ಹುಡುಕುವುದು? ಹೇಳದೆ ಕೇಳದೆ ಹೋಗಿ ಎದುರು ನಿಂತರೆ ಹೇಗಿರುತ್ತದೆ? ಒಂದು ಕಟ್ಟು ಹಲ್ವಾ ಹಿಡಿದು ಬಸ್ಸು ಹತ್ತಿದೆ. ಘಾಟಿಯ ತಿರುವು ತಿರುವಿಗೂ ನಾನು ಆಡಬೇಕಾದ ಮಾತನ್ನು ಅಭ್ಯಾಸ ಮಾಡಿದೆ. ಪುಲ್ಪಳ್ಳಿಯಲ್ಲಿ ಇಳಿದು ಕೊನೆಯ ಜೀಪು ಹಿಡಿದು, ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದೆ.

ಅವರು ನಡುಮನೆಯಲ್ಲಿ ನನಗೆ ಬೆನ್ನು ಮಾಡಿ ಟಿವಿಯ ಮುಂದೆ ಕೂತಿದ್ದರು. ಪರದೆಯ ತುಂಬ ಹಳದಿ ಗ್ಯಾಲರಿ. ಕುತ್ತಿಗೆ ಮುಂದೆ ಚಾಚಿಕೊಂಡಿತ್ತು. ಭತ್ತದ ಧೂಳು ಇನ್ನೂ ಕೂದಲಿನಲ್ಲೇ ಇತ್ತು. ಅದನ್ನು ಕೊಡವಿಕೊಳ್ಳಲೂ ಪುರಸೊತ್ತಿಲ್ಲದೆ ನನ್ನನ್ನು ಹುಡುಕುತ್ತಿದ್ದಾರಲ್ಲ ಎಂದು ಹಲ್ವಾದ ಕಟ್ಟನ್ನು ಹೊಸ್ತಿಲಲ್ಲೇ ಇಟ್ಟೆ. ಹತ್ತಿರ ಹೋಗಿ, ಘಾಟಿಯುದ್ದಕ್ಕೂ ಕಲಿತ ಮಾತನ್ನು ಮೆಲ್ಲಗೆ ಹೇಳಿದೆ.

‘ಅಲ್ಲಿ ಹುಡುಕ್ಬೇಡಿ ಮಣಿಯೇಟ್ಟ. ನಾನಿಲ್ಲಿದೀನಿ.’

‘ಒಸಿ ಸರ್ಕೊ, ಕಾರ್ನರ್ ಕಿಕ್ಕು’ ಎಂದರು ನನ್ನ ಗಂಡ, ತಿರುಗದೆ.

ನಾನು ಸರಿದೆ. ಸರಿದು ಸರಿದು ಅಡುಗೆಮನೆಗೇ ಹೋದೆ. ಅತ್ತೆ ಒಲೆಯ ಮುಂದೆ ಕೂತಿದ್ದರು. ನನ್ನನ್ನು ಕಂಡು ಕೈಹಿಡಿದು ಕೂರಿಸಿಕೊಂಡರು. ಬಂದೆಯಾ ತಾಯಿ, ನನ್ನ ಧಾರಾವಾಹಿಯೂ ಹೋಯಿತು, ಮಗನೂ ಹೋದ ಎಂದು ದೂರು ಶುರು ಮಾಡಿದರು. ಏನಾಗಿದೆ ಅತ್ತೆ ಇವರಿಗೆ ಎಂದು ಕೇಳಿದೆ.

‘ಮೊದ್‌ಮೊದ್ಲು ನಿನ್ನೇ ಹುಡುಕ್ತಿದ್ದ ಕಣಮ್ಮಿ. ಟೀವಿ ಮೇಲೆ ಬೆರಳಿಟ್ಟು, ಇವಳಾ ಅವ್ವ, ಇವಳಾ ಅವ್ವ ಅಂತ ನನ್ನ ಪ್ರಾಣ ತಿಂತಿದ್ದ. ನೀ ಕಾಣದಿದ್ರೆ ಅನ್ನ ಮುಟ್ತಿರಲಿಲ್ಲ.’

‘ಆಮೇಲೆ?’

ಅತ್ತೆ ಒಲೆಗೆ ಸೌದೆ ಸರಿಸಿದರು. ‘ಆಮೇಲೆ ಆಟ ಚೆಂದ ಕಾಣಕ್ಕೆ ಸುರುವಾಯ್ತು.’

ನನಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ನಾನು ಬಚ್ಚಲಿನಲ್ಲಿ ನಲ್ಲಿ ತಿರುಗಿಸಿ ಕೂತಿದ್ದ ಆ ಸಂಜೆಗಳಲ್ಲಿ ಇಲ್ಲೊಬ್ಬರು ಅನ್ನ ಬಿಟ್ಟು ಕೂತಿದ್ದರು, ಒಂದು ಮಾತು ಹೇಳದೆ. ಆಗ ಹೇಳಿದ್ದರೆ ಓಡಿ ಬರುತ್ತಿದ್ದೆನಲ್ಲ. ಕಾಫಿ ಲೋಟ ಹಿಡಿದು ಮತ್ತೆ ನಡುಮನೆಗೆ ಬಂದೆ.

ಅಷ್ಟರಲ್ಲಿ ಅರ್ಧ ಆಟ ಮುಗಿದು ಜಾಹೀರಾತು ಬಂತು. ಅವರು ಕಾಫಿಗೆ ಕೈ ಚಾಚಿದವರು ಲೋಟ ಹಿಡಿದ ನನ್ನ ಕೈಯಿಂದ ಮೇಲಕ್ಕೆ ನೋಡಿದರು. ನೀತು ಎಂದರು. ಮುಖ ಅರಳಿತು, ನಾನು ಕಣ್ಣಾರೆ ಕಂಡಿದ್ದೇನೆ, ದೇವರಾಣೆ ಅರಳಿತು. ಮರುಗಳಿಗೆಗೆ ಟಿವಿಯ ಕಡೆ ನೋಡಿದರು, ಮತ್ತೆ ನನ್ನ ಕಡೆ ನೋಡಿದರು. ತೆನೆ ತುಂಬಿದ ಗದ್ದೆಗೆ ಆನೆ ಇಳಿದದ್ದನ್ನು ಕಂಡವರ ಹಾಗೆ ಮುಖದ ಬಣ್ಣ ಇಳಿಯಿತು.

‘ನೀ ಇಲ್ಲಿದೀಯಾ? ಹಂಗಾರೆ ಅಲ್ಲಿ ಯಾರವ್ರೆ?’

ಯಾರೂ ಇಲ್ಲ ಎಂದೆ.

‘ಅದ್ಕೇ ಎರಡು ಗೋಲು ತಿಂದವ್ರೆ’ ಎಂದರು, ತಲೆಯ ಮೇಲೆ ಕೈಹೊತ್ತು.

ಆಮೇಲೆ ಕಾಫಿ ಲೋಟವನ್ನು ನೆಲದ ಮೇಲಿಟ್ಟು ನನ್ನ ಎರಡೂ ಕೈಗಳನ್ನು ಹಿಡಿದುಕೊಂಡರು. ಅತ್ತೆ ಬಾಗಿಲಲ್ಲಿ ನಿಂತಿದ್ದರು, ಅದಕ್ಕೂ ನಾಚಲಿಲ್ಲ. ‘ನೀತು, ನಿನ್ನ ಕಾಲ್ ಹಿಡ್ಕೊತೀನಿ. ಬೆಳಗ್ಗೆ ಮೊದಲ ಜೀಪಿಗೆ ನಾನೇ ಪುಲ್ಪಳ್ಳಿಗಂಟ ಬಂದು ಬಸ್ಸು ಹತ್ತಿಸ್ತೀನಿ. ಬುಧವಾರ ಇನ್ನೊಂದು ಆಟ ಅದೆ. ಕುಯ್ಲು ನಾ ನೋಡ್ಕೊತೀನಿ, ಅವ್ವನ್ನ ನಾ ನೋಡ್ಕೊತೀನಿ. ನೀ ಅಲ್ಲಿರ್ಬೇಕು ಕಣೆ. ಯಾವತ್ತಾದ್ರೂ ನಿನ್ನ ಏನಾದ್ರೂ ಕೇಳಿದೀನಾ ನಾನು? ಇದೊಂದು ನಡೆಸಿಕೊಡು.’

ಮದುವೆಯಾದಂದಿನಿಂದ ಅವರು ನನ್ನೊಡನೆ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ಕಣ್ಣಂಚಿನಲ್ಲಿ ನೀರೂ ಇತ್ತು. ನಾನು ಆಗಲಿ ಎಂದೆ. ಏನು ಮಾಡಲಿ ಹೇಳಿ, ಕಟ್ಟಿಕೊಂಡ ಗಂಡ ಅಷ್ಟು ಪ್ರೀತಿಯಿಂದ ಕೇಳಿದರೆ ಇಲ್ಲ ಅನ್ನಲು ಯಾರಿಗಾದರೂ ಮನಸ್ಸು ಬರುತ್ತದೆಯೇ.